ಮಾರುತಿ 800ಕ್ಕೆ 100 ಪಿಸಿಡಿ: ಹಬ್‌ಗೇ ತೂತು ಹೊಡೆದು ಮಾಡಿದ ಕೆಲಸ

"ಸಾರ್, ಹಬ್‌ಗೆ ಡ್ರಿಲ್ ಹಾಕಿದರೆ ಗಾಡಿ ಉಳಿಯಲ್ಲ." ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ನಾನು ಕೇಳಿದ ಪ್ರತಿಯೊಬ್ಬ ಮೇಸ್ತ್ರಿಯೂ ಹೇಳಿದ್ದು ಇದೇ ಮಾತು. ಹಬ್ ಅಂದರೆ ಚಕ್ರವನ್ನು ನಟ್ ಹಾಕಿ ಕೂರಿಸುವ, ಚಕ್ರದ ಜೊತೆ ತಿರುಗುವ ನಡುಭಾಗ. ಈಗ ಅದೇ ಗಾಡಿ ಹೊಸ ತೂತುಗಳ ಮೇಲೆ ಹತ್ತಿರ ಹತ್ತಿರ 14,000 ಕಿಲೋಮೀಟರ್ ಓಡಿದೆ. ಆಗುಂಬೆ ಘಾಟಿಯನ್ನು ಕಡಿಮೆ ಅಂದರೂ ಇಪ್ಪತ್ತು ಸಲ ಹತ್ತಿ ಇಳಿದಿದೆ. ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಗಾಡಿ 2003ರ 800, ಎಂಪಿಎಫ್‌ಐ (ಇಂಜೆಕ್ಷನ್ ಎಂಜಿನ್). ಅಪ್ಪ ತೆಗೆದುಕೊಂಡದ್ದು, ಮಾರುವ ಮಾತೇ ಇಲ್ಲ. ಕಂಪನಿಯ ಚಕ್ರ 12 ಇಂಚು, 145/70 ಟಯರ್, ಪಿಸಿಡಿ 4x114.3. ಅಂದರೆ ನಾಲ್ಕು ನಟ್ ತೂತು, ಅವುಗಳ ನಡುಗಳು ಕೂರುವ ವೃತ್ತದ ವ್ಯಾಸ 114.3 ಎಂಎಂ. 13 ಇಂಚಿಗೆ ಹೋಗಬೇಕೆಂದು ಬಹಳ ದಿನದ ಆಸೆ ಇತ್ತು. ಎಂಟು ತೂತಿನ ಅಲಾಯ್ ಹಾಕಿಬಿಡು, 100ಕ್ಕೂ ಆಗುತ್ತದೆ 114.3ಕ್ಕೂ ಆಗುತ್ತದೆ ಎಂದು ಎಲ್ಲರೂ ಹೇಳಿದರು. ನಿಜ, ಅದು ಸುಲಭದ ದಾರಿ. ಆದರೆ ನಾನು ಎತ್ತಿ ನೋಡಿದ ಎಂಟು ತೂತಿನ ಚಕ್ರಗಳೆಲ್ಲ ಭಾರ. 800ರಂಥ ಹಗುರ ಗಾಡಿಗೆ ಭಾರದ ಚಕ್ರ ಹಾಕಿದರೆ ಆ ಗಾಡಿಯ ಚುರುಕೇ ಹೋಗುತ್ತದೆ, ಅಲ್ವಾ? ಅಷ್ಟರಲ್ಲಿ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ 13 ಇಂಚಿನ, ನಾಲ್ಕೇ ತೂತಿನ ಹಳೆಯ ಜಪಾನಿ ಅಲಾಯ್ ಸೆಟ್ ಸಿಕ್ಕಿತು. ಒಂದೊಂದು ನಾಲ್ಕೂವರೆ ಕೆಜಿ ಇರಬಹುದು. ನಾಲ್ಕಕ್ಕೆ ಆರೂವರೆ ಸಾವಿರ ಕೊಟ್ಟೆ. ಪಿಸಿಡಿ 4x100.

ಗುಜರಿಯ ಬಗ್ಗೆ ಒಂದು ಮಾತು. ಅದಕ್ಕೂ ಮೊದಲು ಇನ್ನೊಂದು ಸೆಟ್ ತೋರಿಸಿ "ಇದೂ ಹಂಡ್ರೆಡ್ಡೇ" ಅಂದಿದ್ದರು. ವರ್ನಿಯರ್ ಹಾಕಿದರೆ 98. ಫಿಯೆಟ್ ಪಾಲಿಯೋದ್ದು. ಎರಡು ಎಂಎಂ ಕಣ್ಣಿಗೆ ಕಾಣುವುದಿಲ್ಲ, ನಟ್ ಕೂಡ ಹೇಗೋ ಹತ್ತಿಬಿಡುತ್ತದೆ. ಆದರೆ ನಾಲ್ಕೂ ಸ್ಟಡ್ (ಹಬ್‌ನಿಂದ ಹೊರಗೆ ಬಂದ, ನಟ್ ಹತ್ತುವ ಬೋಲ್ಟ್) ಬಾಗಿಕೊಂಡೇ ಕೂರುತ್ತವೆ. ವರ್ನಿಯರ್ ಇಲ್ಲದೆ ಗುಜರಿಗೆ ಹೋಗಬೇಡಿ.

ಮೊದಲು ನಾನೂ ಅಡಾಪ್ಟರ್ ದಾರಿ ಹಿಡಿದೆ. ಹಬ್‌ಗೂ ಚಕ್ರಕ್ಕೂ ನಡುವೆ ಕೂರುವ ಪ್ಲೇಟ್ ಅದು, ಹಬ್‌ಗೆ 114.3ರಲ್ಲಿ, ಚಕ್ರಕ್ಕೆ 100ರಲ್ಲಿ ಹೊಂದುತ್ತದೆ. 20 ಎಂಎಂ ದಪ್ಪದ ನಾಲ್ಕು ಅಲ್ಯೂಮಿನಿಯಂ ಪ್ಲೇಟ್, ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. 3,200 ರೂಪಾಯಿ. ನೋಡಲು ಚೆನ್ನಾಗಿಯೇ ಇತ್ತು. ಚಕ್ರ ಎರಡೂ ಕಡೆ 20 ಎಂಎಂ ಹೊರಗೆ ಬಂದು ಸ್ಟಿಯರಿಂಗ್ ಭಾರವಾಯಿತು, ಅದನ್ನು ಸಹಿಸಿಕೊಂಡೆ. ಆದರೆ ಆಗುಂಬೆ ಇಳಿದು ಸೋಮೇಶ್ವರ ಮುಟ್ಟುವ ಹೊತ್ತಿಗೆ ಮುಂದಿನ ಎಡ ಚಕ್ರದಿಂದ ಟಕ್ ಟಕ್ ಸದ್ದು. ನಿಲ್ಲಿಸಿ ಚಕ್ರ ಬಿಚ್ಚಿದೆ. ಒಳಗಿನ ನಾಲ್ಕು ನಟ್‌ನಲ್ಲಿ ಮೂರು ಕೈಯಲ್ಲೇ ತಿರುಗುತ್ತಿದ್ದವು. ನಟ್ ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಮೇಣದ ಹಾಗೆ ಒಳಗೆ ಕುಸಿದಿತ್ತು. ಯಾವುದೋ ಕರಗಿಸಿದ ಸ್ಕ್ರ್ಯಾಪ್ ಮಾಲು, ಗಟ್ಟಿ ಗ್ರೇಡ್ ಅಲ್ಲ. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗ ಕೂತಿದ್ದರು. ಆ ದಿನವೇ ಅಡಾಪ್ಟರ್ ಆಸೆ ಬಿಟ್ಟೆ. ಒಳ್ಳೆಯ ಮಾಲಿನಲ್ಲಿ ಮಾಡಿದರೆ ನಿಲ್ಲುತ್ತದೆ ಅನ್ನುವವರಿದ್ದಾರೆ, ಇರಲಿ. ನಾನು ಮತ್ತೆ ಹಾಕುವುದಿಲ್ಲ.

ಇನ್ನೊಬ್ಬರು ಅಲಾಯ್‌ನ ತೂತನ್ನೇ ವೆಲ್ಡ್ ಮಾಡಿ ಮುಚ್ಚಿ, 114.3ಕ್ಕೆ ಹೊಸದಾಗಿ ಹೊಡೆಯೋಣ ಅಂದರು. ಅದಕ್ಕೆ ಒಪ್ಪಲಿಲ್ಲ. ವೆಲ್ಡಿಂಗ್ ಶಾಖ ತಿಂದ ಅಲಾಯ್ ಯಾವಾಗ ಸೀಳುತ್ತದೆ ಎಂದು ಯಾರು ಹೇಳುತ್ತಾರೆ?

ಉಳಿದದ್ದು ಹಬ್. ಎಲ್ಲರ ಹೆದರಿಕೆ ಒಂದೇ, ಎಂಟು ತೂತಾದರೆ ಹಬ್ ಬಲ ಕಳೆದುಕೊಳ್ಳುತ್ತದೆ ಅಂತ. ನಾನು ಗ್ರಾಫ್ ಹಾಳೆಯಲ್ಲಿ ಬರೆದು ನೋಡಿದೆ. ಹಳೆಯ ತೂತು ನಡುವಿನಿಂದ 57.15 ಎಂಎಂ ದೂರ, ಹೊಸದು 50. ಒಂದೇ ಗೆರೆಯಲ್ಲಿ ಹೊಡೆದರೆ ನಡುವೆ ಏಳೇ ಎಂಎಂ, ಎರಡೂ ಸೇರಿ ಮೊಟ್ಟೆ ಆಕಾರದ ತೂತಾಗುತ್ತದೆ. ಅದನ್ನೇ 45 ಡಿಗ್ರಿ ತಿರುಗಿಸಿ ಎರಡು ಹಳೆಯ ತೂತುಗಳ ಮಧ್ಯೆ ಹೊಡೆದರೆ ಹಳೆಯದಕ್ಕೂ ಹೊಸದಕ್ಕೂ ನಡುವಿನ ದೂರ 41 ಎಂಎಂ. ತೂತುಗಳ ಅಗಲ ಕಳೆದರೂ ಇಪ್ಪತ್ತೆಂಟು ಎಂಎಂ ಲೋಹ ಉಳಿಯುತ್ತದೆ. ಈ ಹಾಳೆಯನ್ನು ಮೇಸ್ತ್ರಿಗೆ ತೋರಿಸಿದೆ. ಅವರು ನೋಡಿದರು, ತಲೆ ಅಲ್ಲಾಡಿಸಿದರು, "ನಿಮ್ಮ ಗಾಡಿ, ನಿಮ್ಮ ಇಷ್ಟ" ಅಂದರು.

ಗಾಡಿಯ ಹಬ್ ಮುಟ್ಟಲಿಲ್ಲ. ಗುಜರಿಯಿಂದ ಇನ್ನೊಂದು ಜೊತೆ ಹಬ್, ಡಿಸ್ಕ್, ಹಿಂದಿನ ಡ್ರಮ್ ತಂದೆ, ಎಲ್ಲ ಸೇರಿ 2,800. ಕಂಪನಿಯವು ಇವತ್ತಿಗೂ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಬೇಕೆಂದರೆ ಒಂದೇ ದಿನದಲ್ಲಿ ಗಾಡಿ ಮೊದಲಿನಂತಾಗುತ್ತದೆ.

ಮೊದಲ ಜೋಡಿಯನ್ನು ಹಾಳು ಮಾಡಿದೆ. ಅಲಾಯ್ ಚಕ್ರವನ್ನೇ ಹಬ್ ಮೇಲಿಟ್ಟು, ಅದರ ತೂತಿನಿಂದ ಗುರುತು ಹಾಕಿ, ಪಂಚ್ ಹೊಡೆದು, ಬೆಂಚ್ ಡ್ರಿಲ್‌ನಲ್ಲಿ ಕೊರೆದೆವು. ಬಹಳ ಜನ ಹೀಗೇ ಮಾಡುತ್ತಾರೆ. ಚಕ್ರದ ತೂತು ಸ್ಟಡ್‌ಗಿಂತ ದೊಡ್ಡದು, ಡ್ರಿಲ್ ಬಿಟ್ ಎಲ್ಲಿ ಬೇಕಾದರೂ ಜಾರುತ್ತದೆ. ಅರ್ಧ ಎಂಎಂ ತಪ್ಪಿತು. 60 ದಾಟಿದರೆ ಸ್ಟಿಯರಿಂಗ್ ಗಡಗಡ. ಎರಡು ಕಡೆ ಬ್ಯಾಲೆನ್ಸಿಂಗ್ ಮಾಡಿಸಿದೆ, ಸುಮ್ನೆ ದುಡ್ಡು ದಂಡ. ನಡುವೇ ತಪ್ಪಿದ ಮೇಲೆ ಸೀಸ ಅಂಟಿಸಿದರೆ ಏನು ಬಂತು?

ಎರಡನೇ ಸಲ ಮಿಲ್ಲಿಂಗ್ ಮೆಷಿನ್, ಡಿವೈಡಿಂಗ್ ಹೆಡ್ (ವೃತ್ತವನ್ನು ಸಮ ಭಾಗ ಮಾಡಿ ತಿರುಗಿಸುವ ಸಾಧನ) ಇರುವ ಒಬ್ಬ ಭಾಯ್ ಹತ್ತಿರ ಹೋದೆ. ಅರವತ್ತು ದಾಟಿದವರು. ಅವರು ಕೇಳಿದ ಮೊದಲ ಪ್ರಶ್ನೆ, "ಸೆಂಟರ್ ಯಾವುದರಿಂದ ಹಿಡೀಲಿ?" ಆಗಲೇ ಗೊತ್ತಾಯಿತು, ಕೆಲಸ ಆಗುತ್ತದೆ ಅಂತ. ಹಬ್‌ನ ಹೊರಗಿನ ಅಂಚಿನಿಂದ ಅಲ್ಲ, ಬೇರಿಂಗ್ ಕೂರುವ ಜಾಗದಿಂದ ಸೆಂಟರ್ ಹಿಡಿಯಬೇಕು. ಚಕ್ರ ತಿರುಗುವುದು ಅದರ ಮೇಲೆ. ಅದಕ್ಕೆ ತಕ್ಕ ಒಂದು ಮ್ಯಾಂಡ್ರಿಲ್ (ಹಬ್ ಹಿಡಿದು ಕೂರಿಸುವ ದುಂಡು ಕಡ್ಡಿ) ಕಡೆದು, ಹಬ್ ಕೂರಿಸಿ, ಡಯಲ್ ಗೇಜ್ ಹಾಕಿ, ಓಲಾಟವನ್ನು 0.05 ಎಂಎಂ ಒಳಗೆ ತಂದ ಮೇಲೇ ಡ್ರಿಲ್ ಇಳಿಸಿದರು. ಮೊದಲು ಚಿಕ್ಕ ಬಿಟ್, ಆಮೇಲೆ ದೊಡ್ಡದು, ಕೊನೆಗೆ ತೂತಿನ ಅಳತೆ ನಿಖರ ಮಾಡುವ ರೀಮರ್. ಡಿಸ್ಕಿಗೂ ಅದೇ ಜಿಗ್‌ನಲ್ಲಿ (ಹಿಡಿದು ಕೊರೆಯುವ ಆ ಜೋಡಣೆಯಲ್ಲಿ) ದಾರಿ ಮಾಡಿಕೊಂಡೆವು. ಹಿಂದೆ ಸ್ಟಡ್ ತಲೆ ಕೂರುವ ಜಾಗವನ್ನು ಸಮ ಮಾಡಿದರು. ಇದನ್ನು ಬಿಟ್ಟರೆ ತಲೆ ಓರೆಯಾಗಿ ಕೂತು ಸ್ಟಡ್ ಒಂದು ದಿನ ಮುರಿಯುತ್ತದೆ.

ರೀಮರ್ ಅಳತೆ ಎಷ್ಟು ಎಂದು ತುಂಬಾ ಜನ ಕೇಳಿದ್ದಾರೆ. ಹೇಳುವುದಿಲ್ಲ. ನಿಮ್ಮ ಕೈಗೆ ಬರುವ ಸ್ಟಡ್‌ನ ಬುಡದಲ್ಲಿ ಹಬ್‌ಗೆ ಕಚ್ಚುವ ಹಲ್ಲಿನ ಅಳತೆ ನನ್ನದರಂತೆ ಇರುವುದಿಲ್ಲ. ನಾನು ತಂದ ಮೂರು ಪ್ಯಾಕೆಟ್‌ನಲ್ಲೇ ಮೂರು ತರ ಇತ್ತು. ಸ್ಟಡ್ ಅಳೆದು, ಬೇಡದ ಕಬ್ಬಿಣದ ತುಂಡಿನಲ್ಲಿ ನಾಲ್ಕೈದು ತೂತು ಮಾಡಿ ನೋಡಿ. ಇನ್ನೊಂದು ಸಂಗತಿ ಭಾಯ್ ಅವರ ಸ್ವಂತ ಉಪಾಯ, ಡ್ರಿಲ್ ಎಳೆದಾಡದಂತೆ ಮಾಡುವುದು. ಅದು ಅವರ ಹೊಟ್ಟೆಪಾಡು, ನಾನು ಬರೆಯುವುದು ಸರಿಯಲ್ಲ.

ಹಿಂದಿನ ಡ್ರಮ್ ಬೇರೆಯೇ ಕತೆ. ಹಬ್ ಉಕ್ಕು, ಡ್ರಮ್ ಎರಕದ ಕಬ್ಬಿಣ. ಗ್ಯಾರೇಜಿನ ಹುಡುಗ ಸ್ಟಡ್ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟ. ಕೂದಲೆಳೆಯಷ್ಟು ಬಿರುಕು ಬಂತು, 900 ರೂಪಾಯಿ ಹೋಯಿತು. ಆಮೇಲೆ ನಾನೇ ಕೂತು, ಮೇಲೆ ದಪ್ಪ ವಾಷರ್ ಜೋಡಿಸಿ, ಹಳೆಯ ನಟ್‌ನಿಂದ ಸ್ವಲ್ಪ ಸ್ವಲ್ಪವೇ ಎಳೆದುಕೊಂಡೆ. ಒಂದು ಡ್ರಮ್‌ಗೆ ಮುಕ್ಕಾಲು ಗಂಟೆ ಹಿಡಿಯಿತು.

ನಟ್ ವಿಷಯ ಗಮನವಿಟ್ಟು ಓದಿ. ಅಲಾಯ್ ಜೊತೆ ಗುಜರಿಯವರು ಒಂದು ಚೀಲ ಹೊಳೆಯುವ ನಟ್ ಉಚಿತವಾಗಿ ಕೊಟ್ಟರು. ಎರಡು ಸುತ್ತು ಹತ್ತಿತು, ಆಮೇಲೆ ಬಿಗಿ. ಅದೇ ಹುಡುಗ ಪಾನಾಕ್ಕೆ ಪೈಪ್ ಹಾಕಿ ತಿರುಗಿಸಿದ. ಎರಡು ಸ್ಟಡ್‌ನ ಥ್ರೆಡ್ ಪುಡಿಪುಡಿ. ಮಾರುತಿಯದ್ದು 12x1.25 (12 ಎಂಎಂ ದಪ್ಪ, ಥ್ರೆಡ್‌ಗಳ ನಡುವಿನ ಅಂತರ 1.25 ಎಂಎಂ), ಆ ನಟ್ ಹೋಂಡಾದ 12x1.5. ಹುಂಡೈ ಕೂಡ 1.5. ಸಾಲದ್ದಕ್ಕೆ ಅದರ ಬುಡ ಗುಂಡು, ನನ್ನ ಅಲಾಯ್ ಸೀಟ್ ಕೋನ್. ಗುಂಡು ನಟ್ ಕೋನ್ ಸೀಟ್‌ನಲ್ಲಿ ಬರೀ ಒಂದು ಗೆರೆಯಷ್ಟು ತಾಗುತ್ತದೆ. ಮಾರ್ಕರ್ ಬಳಿದು ಬಿಗಿದು ಬಿಚ್ಚಿ ನೋಡಿ, ಎಲ್ಲಿ ತಾಗಿದೆ ಎಂದು ಕಾಣುತ್ತದೆ. ಕೊನೆಗೆ 1.25ರ ಕೋನ್ ನಟ್ ಹೊಸದೇ ತರಿಸಿದೆ, ಇಪ್ಪತ್ತಕ್ಕೆ 1,100 ಆಗಿರಬೇಕು.

ಅಲಾಯ್‌ನ ನಡು ತೂತು 800ರ ಹಬ್‌ಗಿಂತ ದೊಡ್ಡದು, ಆ ಸಂದು ತುಂಬಲು ರಿಂಗ್ ಬೇಕು. ಹಗುರ ಇರಲಿ ಎಂದು ನೈಲಾನ್‌ನಲ್ಲಿ ಒಂದು ಜೊತೆ ಕಡೆಸಿ ನೋಡಿದೆ. ಹಿಂದೆ ಚೆನ್ನಾಗಿಯೇ ಇತ್ತು. ಮುಂದೆ ಘಾಟಿಯಲ್ಲಿ ಬ್ರೇಕ್ ಬಿಸಿಗೆ ಮೆತ್ತಗಾಗಿ ಅಂಟಿಕೊಂಡು, ಚಾಕುವಿನಿಂದ ಕೆರೆಯಬೇಕಾಯಿತು. ಈಗ ನಾಲ್ಕೂ ಅಲ್ಯೂಮಿನಿಯಂ. ಇಲ್ಲಿ ಅಲ್ಯೂಮಿನಿಯಂ ನಡೆಯುತ್ತದೆ, ಇದು ಬರೀ ಸೆಂಟರ್ ಹಿಡಿಯುತ್ತದೆ. ಗಾಡಿಯ ಭಾರ ತಡೆಯುವುದು ನಟ್ ಬಿಗಿತ.

ಸ್ಟೆಪ್ನಿ ಮರೆಯಬೇಡಿ. ಹಳೆಯ ಸ್ಟೆಪ್ನಿ 114.3, ಇನ್ನು ಅದು ಹತ್ತುವುದೇ ಇಲ್ಲ. ಸ್ಯಾಂಟ್ರೋದ 13 ಇಂಚಿನ ಉಕ್ಕಿನ ರಿಮ್ 600ಕ್ಕೆ ತಂದೆ. ಅದೂ 4x100. ಅದರ ನಡು ತೂತು ಚಿಕ್ಕದು, ಲೇತ್‌ನಲ್ಲಿ ದೊಡ್ಡದು ಮಾಡಿಸಿದೆ.

ಟಯರ್ 155/65 ಆರ್13. ಸುತ್ತಳತೆ ನೂರಕ್ಕೆ ಐದರಷ್ಟು ಜಾಸ್ತಿ. ಮೀಟರ್ 60 ತೋರಿಸುವಾಗ ಫೋನಿನ ಜಿಪಿಎಸ್ 62, 63 ಅನ್ನುತ್ತದೆ. ಗಾಡಿ ಒಂದು ಸೆಂಟಿಮೀಟರ್ ಚಿಲ್ಲರೆ ಎತ್ತರವಾಗಿದೆ, ನಮ್ಮೂರ ಹಂಪ್‌ಗಳಿಗೆ ಅದೇ ದೊಡ್ಡ ಉಪಕಾರ. ಮೊದಲ ಗೇರ್‌ನಲ್ಲಿ ಎಳೆತ ಒಂಚೂರು ಕಡಿಮೆ. ಪೂರ್ತಿ ಸ್ಟಿಯರಿಂಗ್ ತಿರುಗಿಸಿದರೆ ಎಡಗಡೆ ಫೆಂಡರ್ ಒಳಗೆ ಸ್ವಲ್ಪ ಉಜ್ಜುತ್ತಿತ್ತು, ಅಂಚು ಮಡಚಿಸಿದೆ.

ದುಡ್ಡು ಒಟ್ಟು ಎಷ್ಟು? ಟಯರ್ ಐದಕ್ಕೆ ಹದಿನೈದು ಸಾವಿರ. ಮೆಷಿನ್ ಕೆಲಸ ಎರಡೂ ಸಲ ಸೇರಿ ಐದು. ಸ್ಟಡ್, ನಟ್, ಬೇರಿಂಗ್, ಅಲಾಯ್, ಹಾಳು ಮಾಡಿದ್ದು ಎಲ್ಲ ಸೇರಿಸಿದರೆ 38 ಸಾವಿರದ ಆಸುಪಾಸು. ಅದರಲ್ಲಿ ಏಳೆಂಟು ಸಾವಿರ ತಪ್ಪುಗಳಿಗೇ ಹೋಯಿತು. ನೇರವಾಗಿ ಭಾಯ್ ಹತ್ತಿರ ಹೋಗಿದ್ದರೆ ಅಷ್ಟೂ ಉಳಿಯುತ್ತಿತ್ತು.

ನಟ್‌ಗಳನ್ನು ಟಾರ್ಕ್ ಪಾನಾದಲ್ಲಿ 85 ನ್ಯೂಟನ್ ಮೀಟರ್‌ಗೆ ಬಿಗಿಯುತ್ತೇನೆ. ಮೊದಲ 50 ಕಿಲೋಮೀಟರ್‌ಗೆ ಒಂದು ಸಲ, 500ಕ್ಕೆ ಇನ್ನೊಂದು ಸಲ ನೋಡಿದೆ. ಐವತ್ತಕ್ಕೆ ಎರಡು ನಟ್ ಕೂದಲಷ್ಟು ತಿರುಗಿದವು, ಐನೂರಕ್ಕೆ ಒಂದೂ ಅಲ್ಲಾಡಲಿಲ್ಲ.

ಕಳೆದ ತಿಂಗಳು ನಾಲ್ಕೂ ಬಿಚ್ಚಿ, ಹಬ್ ಮತ್ತು ಡ್ರಮ್‌ಗೆ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸುಣ್ಣದ ಬಳಪದ ಪುಡಿ ಬಳಿದೆ. ಎಲ್ಲಾದರೂ ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಹಬ್‌ಗೆ ಡ್ರಿಲ್ ಹಾಕಬೇಡಿ ಅಂದಿದ್ದ ಮೇಸ್ತ್ರಿಯನ್ನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. ಅರ್ಧ ಗಂಟೆ ಕಾದೆವು. ಹದಿನಾರು ಹೊಸ ತೂತಿನ ಸುತ್ತ ಎಲ್ಲೂ ಗೆರೆ ಇಲ್ಲ. ಅವರು ಬೆರಳಿನಿಂದ ಪುಡಿ ಒರೆಸಿ ನೋಡಿ, "ಜಿಗ್ ಇದೆಯಾ ಸಾರ್ ಇನ್ನೂ?" ಅಂದರು. ಅವರ ಗಿರಾಕಿಯೊಬ್ಬರ 800 ಮುಂದಿನ ವಾರ ಭಾಯ್ ಹತ್ತಿರ ಹೋಗುತ್ತಿದೆ.