ಹನಿ ಬೀಳದೆ ಇಳಿಯುತ್ತಿದ್ದ ಕೂಲಂಟ್: ಹೆಡ್ ಬಿಚ್ಚದೆ ಪತ್ತೆ ಹಚ್ಚಿದ ನನ್ನ ಅನುಭವ

ನೆಲಕ್ಕೆ ಒಂದು ಹನಿಯೂ ಬೀಳದೆ, ಎಂಜಿನ್ ಆಯಿಲ್‌ಗೆ ಹಾಲಿನ ಬಣ್ಣವೂ ಬಾರದೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇಳಿಯುತ್ತಲೇ ಇರುವ ಡೀಸೆಲ್ ಗಾಡಿಯಲ್ಲಿ, ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೆ ಕೈ ಹಾಕುವ ಮೊದಲು ಇಜಿಆರ್ ಕೂಲರನ್ನು (ಎಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಭಾಗ) ಕಳಚಿ ಬಿಸಿಯಲ್ಲಿ ಪರೀಕ್ಷಿಸಬೇಕೆಂದು ನಾನು ಹೇಳಿದಾಗ ವಿಜಯಪುರದ ನನ್ನ ಪರಿಚಯದ ಮಿಸ್ತ್ರಿಗಳು ನಕ್ಕಿದ್ದರು. ನನ್ನ ಕಸುಬು ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್‌ಗಳ ದುರಸ್ತಿ. ಕಾರಿನ ವಿಷಯ ಇವನಿಗೇನು ಗೊತ್ತು ಎಂಬುದು ಅವರ ಭಾವನೆಯಾಗಿತ್ತು. ಈಗ ನಮ್ಮ ಮನೆಯ ಏಳು ಆಸನಗಳ ಎಸ್‌ಯುವಿ ಇಡೀ ಬೇಸಿಗೆಯನ್ನು ಕೂಲಂಟ್ ಕೇಳದೆ ದಾಟಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಗಾಡಿ ಒಂದು ಲಕ್ಷ ಕಿಲೋಮೀಟರಿನ ಮೇಲೆ ಓಡಿತ್ತು. ಮೊದಮೊದಲು ತಿಂಗಳಿಗೆ ಕಾಲು ಲೀಟರಿನಷ್ಟು ಇಳಿಯುತ್ತಿದ್ದ ಕೂಲಂಟ್, ಆಮೇಲೆ ವಾರಕ್ಕೇ ಅಷ್ಟು ಇಳಿಯತೊಡಗಿತು. ಟ್ಯಾಂಕಿನ ಕ್ಯಾಪ್ ಬದಲಿಸಿದೆ, ನಾಲ್ಕು ನೂರು ರೂಪಾಯಿ ಹೋಯಿತು. ಕ್ಲಾಂಪ್‌ಗಳನ್ನೆಲ್ಲ ಹೊಸದಾಗಿ ಹಾಕಿದೆ. ವಾಟರ್ ಪಂಪಿನ ಹೊರಮೈ ಒಣಗಿತ್ತು, ಹೀಟರಿನ ಕೆಳಗಿನ ಕಾರ್ಪೆಟ್ಟೂ ಒಣಗಿತ್ತು. ಮೂರೂವರೆ ಸಾವಿರ ಕೊಟ್ಟು ಪ್ರೆಶರ್ ಟೆಸ್ಟರ್ ತರಿಸಿ, ತಣ್ಣಗಿನ ಎಂಜಿನ್‌ಗೆ ಸುಮಾರು ಒಂದು ಬಾರ್ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟರೂ ಮುಳ್ಳು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಯುವಿ ಬಣ್ಣ ಹಾಕಿ ಟಾರ್ಚ್ ಹಿಡಿದು ಹುಡುಕಿದ್ದಕ್ಕೆ ಇನ್ನೊಂದು ಸಾವಿರ ಖರ್ಚಾಯಿತೇ ಹೊರತು ಹೊರಗೆಲ್ಲೂ ಹೊಳಪು ಕಾಣಲಿಲ್ಲ. ನಡುವೆ ಸುರಿದ ಕೂಲಂಟಿನ ಲೆಕ್ಕ ಬೇರೆ. ಸೋರಿಕೆ ಮುಚ್ಚುವ ಪುಡಿಯನ್ನು ಹಾಕುವಂತೆ ಸಲಹೆ ಕೊಟ್ಟವರೂ ಇದ್ದರು. ರೇಡಿಯೇಟರಿನ ಸಣ್ಣ ದಾರಿಗಳನ್ನೂ ಅದು ಮುಚ್ಚುತ್ತದೆಯಾದ್ದರಿಂದ ನಾನು ಒಪ್ಪಲಿಲ್ಲ.

ಒಂದು ವರ್ಕ್‌ಶಾಪಿನಲ್ಲಿ ಗಾಡಿಯನ್ನು ನೋಡಿದವರು "ಹೆಡ್ ಗ್ಯಾಸ್ಕೆಟ್ ಹೋಗೇತ್ರಿ, ಹೆಡ್ ಬಿಚ್ಚೂದ ಐತಿ, ಬ್ಯಾರೆ ದಾರಿ ಇಲ್ರಿ" ಎಂದು ಎಪ್ಪತ್ತು ಸಾವಿರದ ಅಂದಾಜು ಕೊಟ್ಟರು. ಹೆಡ್ಡಿನ ಕೆಳಗಿನ ಆ ಪದರ ಹೋದರೆ ಸುಟ್ಟ ಹೊಗೆ ಕೂಲಂಟಿಗೆ ನುಗ್ಗುತ್ತದೆ. ಆದರೆ ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಮೇಲಿನ ಹೋಸ್ ಬಿಗಿಯಾಗುತ್ತಿರಲಿಲ್ಲ, ಟ್ಯಾಂಕಿನಲ್ಲಿ ಗುಳ್ಳೆಗಳೂ ಇರಲಿಲ್ಲ. ಆ ಹೊಗೆಯ ಇಂಗಾಲದ ಡೈಆಕ್ಸೈಡ್ ತಾಕಿದರೆ ಬಣ್ಣ ಬದಲಿಸುವ ನೀಲಿ ದ್ರಾವಣದ ಪರೀಕ್ಷೆಯಲ್ಲೂ ಬಣ್ಣ ತಿರುಗಲಿಲ್ಲ. ಐಡಲ್‌ನಲ್ಲಿ ಡೀಸೆಲ್ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವುದರಿಂದ ಆ ಪರೀಕ್ಷೆಯನ್ನು ಪೂರ್ತಿ ನಂಬಲಾಗದೆಂಬ ಅವರ ವಾದ ಸರಿಯಾದದ್ದೇ. ಹಾಗಾಗಿ ಗಾಡಿಯನ್ನು ಚೆನ್ನಾಗಿ ದುಡಿಸಿಕೊಂಡು ಬಂದು ಮತ್ತೆ ಮಾಡಿದೆ. ಆಗಲೂ ನೀಲಿಯೇ ಉಳಿಯಿತು.

ಆಮೇಲೆ ಅಳೆಯುವುದಕ್ಕೆ ಕುಳಿತೆ. ಬೆಳಗಿನ ಜಾವ ಎಂಜಿನ್ ತಣ್ಣಗಿರುವಾಗ ಟ್ಯಾಂಕಿನ ಮೇಲೆ ಗೀಟು ಹಾಕಿ, ಔಷಧಿ ಅಂಗಡಿಯ ದೊಡ್ಡ ಸಿರಿಂಜಿನಿಂದ ಗೀಟಿನವರೆಗೆ ತುಂಬಿ, ಎಷ್ಟು ಮಿಲಿ ಹಿಡಿಯಿತೆಂದು ಬರೆದಿಡತೊಡಗಿದೆ. ಸೋಲಾಪುರಕ್ಕೆ ಹೋಗಿಬಂದ ಇನ್ನೂರು ಕಿಲೋಮೀಟರಿನ ದಿನ ಹತ್ತು ಹದಿನೈದು ಮಿಲಿ ಇಳಿಯುತ್ತಿದ್ದರೆ, ಜಲನಗರದಿಂದ ಗಾಂಧಿ ಚೌಕಕ್ಕೆ, ಅಲ್ಲಿಂದ ಶಾಲೆಗೆ, ಮತ್ತೆ ಮನೆಗೆ ಎಂದು ನಿಲ್ಲಿಸಿ ನಿಲ್ಲಿಸಿ ಓಡಾಡಿದ ದಿನ ಐವತ್ತರ ಹತ್ತಿರ ಹೋಗುತ್ತಿತ್ತು. ಎಷ್ಟು ದೂರ ಓಡಿತೆಂಬುದಕ್ಕಿಂತ ಎಷ್ಟು ಬಾರಿ ಬಿಸಿಯಾಗಿ ನಿಂತಿತೆಂಬುದೇ ಲೆಕ್ಕಕ್ಕೆ ಬರುತ್ತಿತ್ತು. ಅನುಮಾನ ಇಜಿಆರ್ ಕೂಲರಿನ ಮೇಲೆ ಹೋಯಿತು. ಎಂಜಿನ್ ಓಡುವಾಗ ಅದರೊಳಗೆ ಹೊಗೆಯ ಒತ್ತಡವೂ ಎದುರಿಗಿರುತ್ತದೆ; ನಿಲ್ಲಿಸಿದ ಮೇಲೆ ಅದು ಇಲ್ಲವಾಗಿ, ಬಿಸಿ ಕೂಲಂಟಿನ ಒತ್ತಡ ಮಾತ್ರ ಉಳಿದು ಬಿರುಕಿನಿಂದ ಒಳಕ್ಕೆ ಜಿನುಗುತ್ತದೆ ಎಂದು ನಾನು ಊಹಿಸಿದೆ. ಬಿಸಿ ಗಾಡಿಯನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಒಂದೆರಡು ನಿಮಿಷ ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ ಬರುತ್ತಿದ್ದುದು ಇದಕ್ಕೆ ಹೊಂದುತ್ತಿತ್ತು.

ಕೂಲರನ್ನು ಕಳಚಿ, ಅದಕ್ಕೆ ಹೋಗುತ್ತಿದ್ದ ನೀರಿನ ಎರಡು ಹೋಸ್‌ಗಳನ್ನು ಒಂದು ತುಂಡು ಪೈಪಿನಿಂದ ಜೋಡಿಸಿ, ಹೊಗೆಯ ಬದಿಗೆ ಪಟ್ಟಿ ಮುಚ್ಚಿ ಒಂದು ವಾರ ಓಡಿಸಿದೆ. ಎಂಜಿನ್ ಲೈಟ್ ಹತ್ತಿಕೊಂಡಿತು. ಮಟ್ಟ ಮಾತ್ರ ಗೀಟು ಬಿಟ್ಟು ಕದಲಲಿಲ್ಲ. ಇದು ಪರೀಕ್ಷೆಗಷ್ಟೇ, ಹಾಗೆಯೇ ಬಿಡುವ ವ್ಯವಸ್ಥೆಯಲ್ಲ.

ಕಳಚಿದ ಕೂಲರಿನ ನೀರಿನ ಬದಿಗೆ ಗಾಳಿ ತುಂಬಿ ತಣ್ಣೀರಿನ ಟಬ್ಬಿನಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಬರಲಿಲ್ಲ. ನಕ್ಕವರಿಗೆ ಮತ್ತೊಂದು ಕಾರಣ ಸಿಕ್ಕಿತು. ಆಗ ಸ್ನಾನದ ಹಂಡೆಯಲ್ಲಿ ನೀರು ಕಾಯಿಸಿ, ಕುದಿ ನಿಂತ ಮೇಲೆ ಅದರಲ್ಲಿಟ್ಟೆ. ಒಳಗಿನ ಗಾಳಿ ಕಾದಂತೆ ಒತ್ತಡವೂ ಏರುವುದರಿಂದ ಗೇಜ್ ನೋಡುತ್ತ ಒಂದು ಬಾರಿನ ಆಸುಪಾಸಿಗೆ ಇಳಿಸುತ್ತಿರಬೇಕು. ಹತ್ತು ನಿಮಿಷದ ಹೊತ್ತಿಗೆ ಹೊಗೆ ಒಳಬರುವ ಬದಿಯಿಂದ ಮಣಿ ಪೋಣಿಸಿದಂತೆ ಗುಳ್ಳೆಗಳ ಸಾಲು ಏಳತೊಡಗಿತು. ನೀರಿನಲ್ಲಿ ಕರಗಿದ ಗಾಳಿಯೂ ಬಿಸಿಗೆ ಗುಳ್ಳೆಯಾಗುತ್ತದೆಯೆಂಬ ಆಕ್ಷೇಪಕ್ಕೆ ಉತ್ತರ ಸುಲಭವಾಗಿತ್ತು: ಗಾಳಿ ಬಿಟ್ಟರೆ ಸಾಲು ನಿಲ್ಲುತ್ತಿತ್ತು, ತುಂಬಿದರೆ ಅದೇ ಜಾಗದಿಂದ ಮತ್ತೆ ಹೊರಡುತ್ತಿತ್ತು. ಬಿಸಿ ನೀರಿನಲ್ಲಿ ಜಾರದೆ ಗಾಳಿ ಹಿಡಿಯುವ ಬಿರಡೆಯನ್ನು ಯಾವುದರಿಂದ ಮಾಡಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಹಲವು ರಬ್ಬರುಗಳನ್ನು ಹಾಳು ಮಾಡಿದ್ದೇನೆ.

ಹಳೆಯ ಕೂಲರನ್ನು ಕೊಯ್ದು ನೋಡಿದಾಗ ನೀರಿನ ಬದಿಯಲ್ಲಿ ಬಿಳಿಯ ಪದರ ಗಟ್ಟಿಯಾಗಿ ಕಟ್ಟಿತ್ತು. ಹಿಂದಿನ ಮಾಲೀಕರು ಬೋರಿನ ಸವಳು ನೀರನ್ನೇ ಸುರಿದಿರಬೇಕೆಂದು ನನ್ನ ಅನುಮಾನ. ನಮ್ಮ ಬೋರಿನ ನೀರನ್ನೂ ಬ್ಯಾಟರಿ ನೀರನ್ನೂ ಎರಡು ಸ್ಟೀಲ್ ಬಟ್ಟಲುಗಳಲ್ಲಿ ಬತ್ತಿಸಿ ನೋಡಿದೆ. ಮೊದಲನೆಯದರ ತಳದಲ್ಲಿ ಸುಣ್ಣ ಬಳಿದಷ್ಟು ಉಳಿಯಿತು, ಎರಡನೆಯದರಲ್ಲಿ ಕಲೆಯೂ ಇರಲಿಲ್ಲ.

ಹೊಸ ಕೂಲರಿಗೆ ಹದಿನೈದು ಸಾವಿರ, ಗ್ಯಾಸ್ಕೆಟ್ ಹಾಗೂ ಬೋಲ್ಟ್‌ಗಳಿಗೆ ಸಾವಿರದೈನೂರು, ಹೊಸ ಕೂಲಂಟಿಗೆ ಎರಡು ಸಾವಿರದ ಆಸುಪಾಸು ಆಯಿತು. ಮೊದಲಿನ ವ್ಯರ್ಥ ಖರ್ಚು ಸೇರಿಸಿದರೂ ಅವರ ಅಂದಾಜಿನ ಅರ್ಧಕ್ಕಿಂತ ಕಡಿಮೆ. ಎಪ್ಪತ್ತು ಸಾವಿರ ಹೇಳಿದ ವರ್ಕ್‌ಶಾಪಿನಿಂದ ಕಳೆದ ತಿಂಗಳು ಇಂಥದೇ ಒಂದು ಕೂಲರ್ ಪರೀಕ್ಷೆಗೆಂದು ನನ್ನ ಅಂಗಡಿಗೆ ಬಂದಿತ್ತು. ಹಂಡೆಯಲ್ಲಿಟ್ಟು ನೋಡಿ, ಅದು ಸರಿಯಾಗಿಯೇ ಇದೆ, ಹೆಡ್ ಬಿಚ್ಚಿರಿ ಎಂದು ಹೇಳಿ ಕಳುಹಿಸಿದೆ. ಐದು ನೂರು ರೂಪಾಯಿ ತೆಗೆದುಕೊಂಡೆ.