ನಮ್ಮ ಕೋಡ್ ಯಾರ ಕೈಗೆ ಹೋಗುತ್ತೆ?

ಶಿವಮೊಗ್ಗದಲ್ಲಿ ನಮ್ಮದು ಆರು ಜನರ ಆಫೀಸು. ಅಡಿಕೆ ಮಂಡಿಗಳಿಗೆ, ಸಣ್ಣ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತೇವೆ. ನಾವು ಬರೆಯುವುದೂ ಕ್ಲೌಡ್‌ನಲ್ಲಿ, ಅದು ಓಡುವುದೂ ಕ್ಲೌಡ್‌ನಲ್ಲಿ. ಆರು ವರ್ಷದಲ್ಲಿ ನೂರಾರು ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇಳಿಸಿಕೊಂಡಿದ್ದೇನೆ, ಯಾವ ಷರತ್ತಿನ ಮೇಲೆ ಬಳಸಬಹುದು ಅಂತ ಹೇಳುವ ಲೈಸೆನ್ಸ್ ಫೈಲನ್ನು ಒಂದರದ್ದೂ ತೆರೆದು ಓದಿದವನಲ್ಲ.

2024ರ ಮಳೆಗಾಲದಲ್ಲಿ ಒಂದು ದೊಡ್ಡ ಗಿರಾಕಿ ಬಂತು. ಒಪ್ಪಂದಕ್ಕೆ ಮೊದಲು ಅವರ ಕಡೆಯಿಂದ ನಾಲ್ಕು ಪುಟದ ಫಾರಂ. ಅದರಲ್ಲಿ ಒಂದು ಪ್ರಶ್ನೆ: ನೀವು ಬಳಸಿರುವ ಹೊರಗಿನ ಸಾಫ್ಟ್‌ವೇರ್ ಯಾವುವು, ಅವುಗಳ ಲೈಸೆನ್ಸ್ ಯಾವುದು? ನಾನು ಆರಾಮಾಗಿ ‘ಎಲ್ಲವೂ ಓಪನ್ ಸೋರ್ಸ್’, ಅಂದರೆ ಕೋಡ್ ಎಲ್ಲರಿಗೂ ತೆರೆದದ್ದು, ಅಂತ ಬರೆದು ಕಳಿಸಿದೆ. ಮೂರೇ ದಿನಕ್ಕೆ ವಾಪಸ್ ಬಂತು. ಅದು ಉತ್ತರವೇ ಅಲ್ಲವಂತೆ.

ಬೆಂಗಳೂರಲ್ಲಿ ವಕೀಲನಾಗಿರುವ ಹೈಸ್ಕೂಲ್ ಗೆಳೆಯನಿಗೆ ಫೋನ್ ಮಾಡಿದೆ. ಪ್ಯಾಕೇಜ್ ಹೆಸರು ಓದಲು ಶುರು ಮಾಡುತ್ತಿದ್ದಂತೆ ತಡೆದ. “ಅದೆಲ್ಲ ಇರಲಿ, ನಿಮ್ಮ ಕೋಡ್ ಯಾರ ಕೈಗೆ ಹೋಗುತ್ತೆ, ಅದನ್ನ ಹೇಳು ಮೊದಲು.”

“ಯಾರ ಕೈಗೂ ಹೋಗಲ್ಲ ಮಾರಾಯ, ನಮ್ಮ ಸರ್ವರ್‌ನಲ್ಲೇ ಇರುತ್ತೆ.”

“ಹಂಗಾದ್ರೆ ಅರ್ಧ ತಲೆನೋವು ಕಮ್ಮಿ. ಬಾಕಿ ಅರ್ಧ ಎಲ್ಲಿದೆ ಹುಡುಕು.”

ಆ ಬಾಕಿ ಅರ್ಧ ಹುಡುಕುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು.

ಅವನ ಪ್ರಶ್ನೆಯ ಹಿಂದಿನ ಲೆಕ್ಕ ಇಷ್ಟು. ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್‌ನ ಎರಡನೇ ಆವೃತ್ತಿ ಬಂದದ್ದು 1991ರಲ್ಲಿ. ಆಗ ಸಾಫ್ಟ್‌ವೇರ್ ಅಂದರೆ ಫ್ಲಾಪಿ, ಟೇಪು. ಅದರ ಪ್ರತಿ (ಕಾಪಿ) ಇನ್ನೊಬ್ಬರ ಕೈಗೆ ಹೋದರೆ ಮಾತ್ರ ಮೂಲ ಕೋಡ್ (ಸೋರ್ಸ್ ಕೋಡ್) ಕೊಡುವ ಹೊಣೆ. ನೀವು ಅದನ್ನು ಬದಲಾಯಿಸಿ ನಿಮ್ಮ ಮಷೀನ್‌ನಲ್ಲೇ ಓಡಿಸಿಕೊಂಡರೆ ಯಾರೂ ಕೇಳಲ್ಲ. ಕ್ಲೌಡ್ ಬಂದ ಮೇಲೆ ಎಲ್ಲರೂ ‘ನಮ್ಮ ಮಷೀನ್‌ನಲ್ಲೇ’ ಓಡಿಸಿ ಬರೀ ಪರದೆಯನ್ನು ಗಿರಾಕಿಗೆ ತೋರಿಸಲು ಶುರು ಮಾಡಿದರು. ಪ್ರತಿ ಯಾರಿಗೂ ಹೋಗಲಿಲ್ಲ, ಹೊಣೆಯೂ ಬರಲಿಲ್ಲ. ಈ ಕಿಂಡಿ ಮುಚ್ಚುವುದಕ್ಕೇ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2007ರ ನವೆಂಬರ್‌ನಲ್ಲಿ ಜಿಪಿಎಲ್‌ನದೇ ಇನ್ನೊಂದು ರೂಪವಾದ ಎಜಿಪಿಎಲ್‌ನ ಮೂರನೇ ಆವೃತ್ತಿ ತಂದಿತು. ಅದರ 13ನೇ ಕಲಂ ಪ್ರಕಾರ, ನೀವು ಬದಲಾಯಿಸಿದ ಪ್ರೋಗ್ರಾಮನ್ನು ಜನ ನೆಟ್‌ವರ್ಕ್ ಮೂಲಕ ಬಳಸುತ್ತಿದ್ದರೂ ಅವರಿಗೆ ಮೂಲ ಕೋಡ್ ಸಿಗುವ ದಾರಿ ಮಾಡಿಕೊಡಬೇಕು.

ಸರಿ, ಪಟ್ಟಿ ಮಾಡಲು ಕೂತೆ. ನಾವು ಬಳಸುವ ಎರಡು ಭಾಷೆಗಳಲ್ಲಿ ಪೈಥಾನ್ ಕಡೆಗೆ ಪಿಪ್-ಲೈಸೆನ್ಸಸ್, ಜಾವಾಸ್ಕ್ರಿಪ್ಟ್ ಕಡೆಗೆ ಲೈಸೆನ್ಸ್-ಚೆಕರ್ ಅನ್ನುವ, ಲೈಸೆನ್ಸ್‌ಗಳ ಪಟ್ಟಿ ಮಾಡಿಕೊಡುವ ಸಲಕರಣೆ ಓಡಿಸಿದೆ. ಹತ್ತು ನಿಮಿಷದ ಕೆಲಸ. ಎಂಐಟಿ, ಬಿಎಸ್‌ಡಿ, ಅಪಾಚೆ, ಹೀಗೆ ಹೆಚ್ಚು ಷರತ್ತು ಹಾಕದ ಲೈಸೆನ್ಸ್‌ಗಳು ಸಾಲುಸಾಲಾಗಿ ಬಂದವು. ಐದು ಪ್ಯಾಕೇಜ್‌ಗಳ ಮುಂದೆ ‘ಅನ್‌ನೋನ್’. ಒಂದರ ಮುಂದೆ ಎಜಿಪಿಎಲ್. ಅದರ ಹೆಸರು ಪೈಮ್ಯುಪಿಡಿಎಫ್, ಪಿಡಿಎಫ್ ಓದುವ ಲೈಬ್ರರಿ (ನಮ್ಮ ಪ್ರೋಗ್ರಾಂನಿಂದ ಕರೆದು ಬಳಸುವ ಸಿದ್ಧ ಕೋಡ್).

ಇಲ್ಲಿ ನಾನು ಮಾಡಿದ ದಡ್ಡತನ ಹೇಳಲೇಬೇಕು. ಆ ಹೆಸರನ್ನು ನಮ್ಮ ಕೋಡ್‌ನಲ್ಲಿ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಯಾರೋ ಯಾವಾಗಲೋ ಸುಮ್ನೆ ಹಾಕಿದ್ದಾರೆ ಅಂದುಕೊಂಡು ಪಟ್ಟಿಯಿಂದ ತೆಗೆದು, ಶನಿವಾರ ಸಂಜೆ ಸರ್ವರ್‌ಗೆ ಏರಿಸಿ ಮನೆಗೆ ಹೋದೆ. ಭಾನುವಾರ ಬೆಳಿಗ್ಗೆ ಮಂಡಿಯವರ ಫೋನ್. ಬ್ಯಾಂಕ್ ಸ್ಟೇಟ್‌ಮೆಂಟ್ ಏರಿಸಿದರೆ ಪುಟ ಬಿಳಿ ಬಿಳಿ. ಆ ಲೈಬ್ರರಿಯನ್ನು ಕೋಡ್‌ನಲ್ಲಿ ಕರೆಯುವ ಹೆಸರೇ ಬೇರೆ, ‘ಫಿಟ್ಜ್’ ಅಂತ! ನಮ್ಮ ಸ್ಟೇಟ್‌ಮೆಂಟ್ ಓದುವ ಭಾಗ ಪೂರ್ತಿ ಅದರ ಮೇಲೇ ನಿಂತಿತ್ತು.

ಪಿಡಿಎಫ್‌ನಿಂದ ಪದ, ಜಾಗ, ಸಾಲು ಎತ್ತಿಕೊಡುವುದರಲ್ಲಿ ಆ ಲೈಬ್ರರಿ ನಿಜಕ್ಕೂ ಚುರುಕು. ಎಜಿಪಿಎಲ್ ಬೇಡ ಅನ್ನುವವರಿಗೆ ದುಡ್ಡು ಕೊಟ್ಟು ಪಡೆಯುವ ವಾಣಿಜ್ಯ ಲೈಸೆನ್ಸೂ ಅವರಲ್ಲಿದೆ. ಮರೆಮಾಚಿ ಮಾಡಿದ್ದು ಏನೂ ಇಲ್ಲ, ಓದದೆ ಇದ್ದದ್ದು ನಾನು. “ನಾವು ಅದರ ಒಳಗೆ ಒಂದು ಸಾಲೂ ಬದಲಾಯಿಸಿಲ್ಲ, 13ನೇ ಕಲಂ ನಮಗೆ ಅನ್ವಯಿಸಲ್ಲ ಅಲ್ವಾ?” ಅಂತ ವಕೀಲ ಗೆಳೆಯನನ್ನು ಕೇಳಿದೆ. “ವಾದ ಮಾಡಬಹುದು. ನಿಮ್ಮ ಕೋಡೂ ಅದೂ ಸೇರಿ ಒಂದೇ ಪ್ರೋಗ್ರಾಂ, ಅದೇ ಬದಲಾವಣೆ ಅಂತ ಎದುರಿನವರೂ ವಾದ ಮಾಡಬಹುದು. ನಿನಗೆ ವಾದ ಬೇಕಾ, ಗಿರಾಕಿ ಬೇಕಾ?” ಅಂದ.

ಮೂರು ದಾರಿ ಇತ್ತು: ನಮ್ಮ ಕೋಡ್ ಪೂರ್ತಿ ಎಜಿಪಿಎಲ್‌ನಡಿ ತೆರೆದಿಡುವುದು, ಲೈಸೆನ್ಸ್ ಕೊಳ್ಳುವುದು, ಇಲ್ಲವೇ ಲೈಬ್ರರಿ ಬದಲಾಯಿಸುವುದು. ತೆರೆದಿಡೋಣ ಅಂತ ಮನಸ್ಸಿಗೆ ಬಂದದ್ದು ನಿಜ, ಆದರೆ ಪಾಸ್‌ವರ್ಡ್‌ಗಳನ್ನೇ ಕೋಡ್ ಒಳಗೆ ಬರೆದಿಟ್ಟಿದ್ದ ನಮ್ಮ ಹಳೆಯ ಕಮಿಟ್‌ಗಳನ್ನು (ಕೋಡ್ ಬದಲಾವಣೆಯ ದಾಖಲೆಗಳನ್ನು) ನೆನೆಸಿಕೊಂಡು ಸುಮ್ಮನಾದೆ. ಕೊನೆಗೆ ಪೈಪಿಡಿಎಫ್ಐಯಮ್2 ಅನ್ನುವ ಇನ್ನೊಂದು ಪಿಡಿಎಫ್ ಲೈಬ್ರರಿಗೆ ಹೋದೆವು. ಅದು ಅಪಾಚೆ ಅಥವಾ ಬಿಎಸ್‌ಡಿ, ಯಾವುದು ಬೇಕೋ ಆರಿಸಿಕೊಳ್ಳಬಹುದು. ಎರಡು ದಿನದ ಕೆಲಸ ಅಂದುಕೊಂಡದ್ದು ಒಂಬತ್ತು ದಿನ ಆಯಿತು. ಜಮೆ, ಖರ್ಚು ಎರಡು ಅಂಕಣ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಒಬ್ಬ ವ್ಯಾಪಾರಿಯ ಖಾತೆಯಲ್ಲಿ ಕೊಟ್ಟ ದುಡ್ಡೆಲ್ಲ ಬಂದ ದುಡ್ಡಾಗಿ ಕಂಡಿತು. ಪುಣ್ಯಕ್ಕೆ ಅದು ಟೆಸ್ಟ್ ಸರ್ವರ್. (ಸಂಘಗಳು ಕಳಿಸುವ ನುಡಿ ಫಾಂಟಿನ ಹಳೇ ಪಿಡಿಎಫ್‌ಗಳ ಕಥೆ ಕೇಳಬೇಡಿ. ಯೂನಿಕೋಡ್ ಅಲ್ಲದ ಕಾರಣ ಎರಡೂ ಲೈಬ್ರರಿಯಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವೇ ಬರುತ್ತೆ.)

ಇಷ್ಟಾದ ಮೇಲೂ ‘ಯಾರ ಕೈಗೆ’ ಅನ್ನುವ ಪ್ರಶ್ನೆ ಬಿಡಲಿಲ್ಲ. ನಮ್ಮ ಕೋಡ್ ಯಾರ ಕೈಗೂ ಹೋಗಲ್ಲ ಅಂದಿದ್ದೆನಲ್ಲ, ಅದು ತಪ್ಪು. ಬ್ರೌಸರ್‌ಗೆ ಇಳಿಯುವ ಜಾವಾಸ್ಕ್ರಿಪ್ಟ್ ಎಲ್ಲ ಗಿರಾಕಿಗಳ ಕಂಪ್ಯೂಟರ್‌ಗೂ ಹೋಗಿ ಕೂರುತ್ತೆ. ಅದು ಪ್ರತಿ ಹಂಚಿದಂತೆಯೇ. ಎಂಐಟಿ ಲೈಸೆನ್ಸ್ ಕೇಳುವುದು ಒಂದೇ ಒಂದು: ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಮಾತು ಪ್ರತಿಯ ಜೊತೆ ಇರಲಿ. ನಾವು ಅದನ್ನೂ ಕೊಟ್ಟಿರಲಿಲ್ಲ. ಜಾವಾಸ್ಕ್ರಿಪ್ಟ್ ಫೈಲ್‌ಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ ಪಾಪ ಕೋಡ್ ಒಳಗಿದ್ದ ಲೈಸೆನ್ಸ್ ಸೂಚನೆಗಳನ್ನು ಒಂದು ಟೆಕ್ಸ್ಟ್ ಫೈಲ್‌ಗೆ ತೆಗೆದಿಡುತ್ತಿತ್ತು. ಕೋಡನ್ನು ಸರ್ವರ್‌ಗೆ ಏರಿಸಲು ನಾನೇ ಬರೆದ ಡಿಪ್ಲಾಯ್ ಸ್ಕ್ರಿಪ್ಟ್ ‘ಕಸ’ ಅಂತ ಟೆಕ್ಸ್ಟ್ ಫೈಲ್‌ಗಳನ್ನೆಲ್ಲ ಅಳಿಸುತ್ತಿತ್ತು! ಒಂದು ಸಾಲು ತೆಗೆದೆ, ಸರಿಹೋಯಿತು.

ಇನ್ನೊಂದು ಕೈ ಸಾಗರದ ಕಡೆಯ ಒಂದು ಸಂಘದ್ದು. ಅಲ್ಲಿ ಮಳೆಗೆ ಮರ ಬಿದ್ದರೆ ಫೈಬರ್ ಹೋಯಿತು ಅಂತಲೇ ಲೆಕ್ಕ, ಹಾಗಾಗಿ ತಮ್ಮ ಆಫೀಸಿನ ಕಂಪ್ಯೂಟರ್‌ನಲ್ಲೇ ಹಾಕಿಕೊಡಿ ಅಂದಿದ್ದರು. ನಾವು ಡಾಕರ್ ಇಮೇಜನ್ನು (ಪ್ರೋಗ್ರಾಂ ಓಡಲು ಬೇಕಾದದ್ದೆಲ್ಲ ಸೇರಿಸಿದ ಕಟ್ಟನ್ನು) ಪೆನ್‌ಡ್ರೈವ್‌ನಲ್ಲಿ ಕೊಟ್ಟು ಬಂದಿದ್ದೆವು. ಇಮೇಜ್ ಅಂದರೆ ನಮ್ಮ ಕೋಡ್ ಒಂದೇ ಅಲ್ಲ, ಅದರಡಿ ಡೆಬಿಯನ್ ಅನ್ನುವ ಲಿನಕ್ಸ್ ಇದೆ, ಅದರೊಳಗೆ ಬ್ಯಾಶ್, ಕೋರ್‌ಯುಟಿಲ್ಸ್ ಅನ್ನುವ ಮೂಲ ಸಲಕರಣೆಗಳಿವೆ, ಎರಡೂ ಜಿಪಿಎಲ್. ಕೊಟ್ಟವರು ನಾವು, ಆದ್ದರಿಂದ ಅವುಗಳ ಮೂಲ ಕೋಡ್ ಕೊಡುವ ಹೊಣೆಯೂ ನಮ್ಮದು. ಜೊತೆಗೇ ಕೊಡದಿದ್ದರೆ, ಕನಿಷ್ಠ ಮೂರು ವರ್ಷ ಕೇಳಿದವರಿಗೆ ಕೊಡುತ್ತೇವೆ ಅಂತ ಬರೆದುಕೊಡಬೇಕು ಅನ್ನುತ್ತೆ ಜಿಪಿಎಲ್. ಆ ಸಂಘಕ್ಕೆ ಮೂಲ ಕೋಡ್ ಪ್ಯಾಕೇಜ್‌ಗಳನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟೆ. “ಇದೇನು ಸಾರ್, ಅಪ್‌ಡೇಟಾ?” ಅಂತ ಕಾರ್ಯದರ್ಶಿಗಳು ಕೇಳಿದರು. ಬೀರುವಿನಲ್ಲಿ ಇಡಿ ಸಾಕು ಅಂದೆ. ಈಗ ಬೇರೆ ಸಂಘಗಳಿಗೆ ಇಮೇಜ್ ಕೊಡುವುದಿಲ್ಲ. ನಮ್ಮ ಪ್ಯಾಕೇಜ್ ಮತ್ತು ಡಾಕರ್‌ಫೈಲ್ (ಇಮೇಜ್ ಕಟ್ಟುವ ವಿಧಾನ ಬರೆದ ಫೈಲ್) ಮಾತ್ರ ಕೊಟ್ಟು, ಇಮೇಜನ್ನು ಅವರ ಮಷೀನ್‌ನಲ್ಲೇ ಕಟ್ಟಿಸುತ್ತೇವೆ. ಡೆಬಿಯನ್ ಭಾಗ ಅದನ್ನು ಹಂಚುವವರಿಂದಲೇ ನೇರ ಅವರಿಗೆ ಇಳಿಯುತ್ತೆ.

ಇನ್ನು ನಾವು ಕೋಡ್ ಬರೆಯುವ ಜಾಗ. ನಮ್ಮ ಹುಡುಗರಲ್ಲಿ ಇಬ್ಬರು ತೀರ್ಥಹಳ್ಳಿ ಕಡೆಯಿಂದ ಕೆಲಸ ಮಾಡುತ್ತಾರೆ, 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್. ಅದಕ್ಕೇ ಬ್ರೌಸರ್‌ನಲ್ಲಿ ಓಡುವ ಒಂದು ಬಾಡಿಗೆ ಎಡಿಟರ್ ಬಳಸುತ್ತಿದ್ದೆವು. ಅದನ್ನು ನಡೆಸುವವರು ಬೆಲೆ ಏರಿಸಿದಾಗ, ಎಡಿಟರ್ ಹೇಗಿದ್ದರೂ ಓಪನ್ ಸೋರ್ಸ್ ತಾನೇ, ನಮ್ಮ ಸರ್ವರ್‌ನಲ್ಲೇ ಹಾಕಿಕೊಂಡರಾಯಿತು ಅಂದುಕೊಂಡೆ. ಹಾಕಿಕೊಂಡೆ ಕೂಡ. ಆದರೆ ಓಪನ್ ಸೋರ್ಸ್ ಅನ್ನುವ ಮಾತು ಎಲ್ಲಿ ಮುಗಿಯುತ್ತೆ ಅಂತ ಗೊತ್ತಾದದ್ದೇ ಆಗ.

ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್‌ನ ಮೂಲ ಕೋಡ್ ಎಂಐಟಿ. ನಾವು ಇಳಿಸಿಕೊಳ್ಳುವ ಮೈಕ್ರೋಸಾಫ್ಟ್‌ನ ಸಿದ್ಧ ಪ್ರತಿಗೆ ಮಾತ್ರ ಅವರದೇ ಬೇರೆ ಲೈಸೆನ್ಸ್. ಆ ಮೂಲ ಕೋಡ್‌ನಿಂದ ಬ್ರೌಸರ್‌ನಲ್ಲಿ ಓಡುವಂತೆ ಕಟ್ಟಿದ್ದು ನಾವು ಹಾಕಿಕೊಂಡ ಕೋಡ್-ಸರ್ವರ್, ಅದೂ ಎಂಐಟಿ. ಇಲ್ಲಿಯವರೆಗೆ ಸಸೂತ್ರ. ಆದರೆ ಎಡಿಟರ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್‌ಗಳು ಸಿಗುವ ಮೈಕ್ರೋಸಾಫ್ಟ್‌ನ ಮಾರ್ಕೆಟ್‌ಪ್ಲೇಸ್‌ನ ನಿಯಮದಲ್ಲಿ, ಅದು ಅವರ ವಿಷುವಲ್ ಸ್ಟುಡಿಯೋ ಬಳಗದ ಉತ್ಪನ್ನಗಳ ಬಳಕೆಗೆ ಮಾತ್ರ ಅಂತಿದೆ. ಕೋಡ್-ಸರ್ವರ್ ಆ ಕಡೆ ಹೋಗುವುದಿಲ್ಲ. ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್‌ನಿಂದ ತರುತ್ತೆ. ಅಲ್ಲಿ ಪೈಥಾನ್‌ಗೆ ನೆರವಾಗುವ ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಷನ್ ಪೈಲ್ಯಾನ್ಸ್ ಇಲ್ಲ, ಯಾಕೆಂದರೆ ಅದು ಮುಚ್ಚಿದ ಸಾಫ್ಟ್‌ವೇರ್. ಪೈಥಾನ್ ಬರೆಯುವವರಿಗೆ ಅದಿಲ್ಲದಿದ್ದರೆ ಕೈ ಕಟ್ಟಿದ ಹಾಗೆ.

ವಾರದೊಳಗೆ ನಮ್ಮ ಹುಡುಗನೊಬ್ಬ ಒಂದು ಸೆಟ್ಟಿಂಗ್ (ಎನ್ವಿರಾನ್‌ಮೆಂಟ್ ವೇರಿಯಬಲ್) ಬದಲಾಯಿಸಿ ಕೋಡ್-ಸರ್ವರನ್ನು ಆ ಮಾರ್ಕೆಟ್‌ಪ್ಲೇಸ್ ಕಡೆಗೇ ತಿರುಗಿಸಿಬಿಟ್ಟಿದ್ದ. “ಸರ್, ಎಲ್ಲರೂ ಹಿಂಗೇ ಮಾಡ್ತಾರೆ, ಏನಾಗಲ್ಲ.” ಏನೂ ಆಗುತ್ತಿರಲಿಲ್ಲ, ನನಗೂ ಗೊತ್ತು. ಆದರೆ ಫಾರಂಗೆ ಸಹಿ ಹಾಕಬೇಕಾದವನು ನಾನು. ಬಿಡಿಸಿದೆ. ಪೈಲ್ಯಾನ್ಸ್‌ನ ಒಳಗೆ ಕೋಡ್‌ನ ತಪ್ಪು ಹುಡುಕುವ ಟೈಪ್ ಚೆಕರ್ ಪೈರೈಟ್ ಇದೆಯಲ್ಲ, ಅದು ಎಂಐಟಿ. ಅದರ ಮೇಲೆ ಕಟ್ಟಿದ ಬೇಸ್ಡ್‌ಪೈರೈಟ್ ಓಪನ್ ವಿಎಸ್‌ಎಕ್ಸ್‌ನಲ್ಲೇ ಸಿಗುತ್ತೆ. ಎರಡು ದಿನ ಗೊಣಗಿದರು, ಆಮೇಲೆ ಮರೆತರು.

ಕೋಡ್-ಸರ್ವರ್‌ಗೆ ನಾವು ಹಿಡಿದದ್ದು 16 ಜಿಬಿ ಮೆಮೊರಿಯ ಒಂದು ವರ್ಚುವಲ್ ಮಷೀನ್ (ಕ್ಲೌಡ್‌ನ ಬಾಡಿಗೆ ಕಂಪ್ಯೂಟರ್). ಆರು ಜನ ಒಟ್ಟಿಗೆ ಕೂತ ಮೊದಲ ಸೋಮವಾರವೇ ಮೆಮೊರಿ ಮುಗಿದು ಲಿನಕ್ಸ್ ಒಬ್ಬೊಬ್ಬರ ಪ್ರೋಗ್ರಾಮನ್ನೇ ಕೊಲ್ಲತೊಡಗಿತು. ತಿನ್ನುತ್ತಿದ್ದದ್ದು ಎಡಿಟರ್ ಅಲ್ಲ, ಪ್ರತಿಯೊಬ್ಬರಿಗೂ ಒಂದೊಂದರಂತೆ ಓಡುವ, ಕೋಡ್ ಓದಿ ಸಲಹೆ ಕೊಡುವ ಲ್ಯಾಂಗ್ವೇಜ್ ಸರ್ವರ್. 32ಕ್ಕೆ ಏರಿಸಿದೆ. ಫೈಲ್ ಬದಲಾದರೂ ಎಡಿಟರ್‌ಗೆ ಗೊತ್ತಾಗದ ಇನ್ನೊಂದು ಕಾಟ ಇತ್ತು, ಲಿನಕ್ಸ್ ಎಷ್ಟು ಫೈಲ್‌ಗಳ ಮೇಲೆ ಕಣ್ಣಿಡಬಹುದು ಅನ್ನುವ ಐನೋಟಿಫೈ ಮಿತಿಯನ್ನು 5,24,288ಕ್ಕೆ ಏರಿಸಿದ ಮೇಲೆ ಹೋಯಿತು. ಕೋಡ್-ಸರ್ವರನ್ನು ಯಾವತ್ತೂ ಹೊರಗಿನ ನೆಟ್‌ಗೆ ನೇರ ತೆರೆದಿಡಲಿಲ್ಲ, ಎಸ್‌ಎಸ್‌ಎಚ್ ಅನ್ನುವ ಗೂಢಲಿಪಿಯ ಸುರಂಗದ ಮೂಲಕವೇ. ನೀವೂ ಹಾಗೇ ಮಾಡಿ, ಅದರೊಳಗೆ ಸರ್ವರ್‌ಗೆ ನೇರ ಆಜ್ಞೆ ಕೊಡುವ ಟರ್ಮಿನಲ್ ಇದೆ ಅನ್ನುವುದು ನೆನಪಿರಲಿ. ಎಲ್ಲ ಲೆಕ್ಕ ಹಾಕಿದರೆ ದುಡ್ಡು ಉಳಿದದ್ದು ಅಷ್ಟಕ್ಕಷ್ಟೇ. ಆದರೆ ಈಗ ಬಾಡಿಗೆ ಜಾಸ್ತಿ ಆದರೆ ಒಂದು ದಿನದಲ್ಲಿ ಗಂಟುಮೂಟೆ ಕಟ್ಟಿ ಬೇರೆ ಸರ್ವರ್‌ಗೆ ಹೋಗಬಹುದು. ಮೂರು ತಿಂಗಳಿಗೊಮ್ಮೆ ಹಾಗೆ ಹೋಗಿ ನೋಡುತ್ತೇವೆ ಕೂಡ.

ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ಡೇಟಾಬೇಸ್ ರೆಡಿಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಅದು ಬಿಎಸ್‌ಡಿ ಬಿಟ್ಟು, ಓಪನ್ ಸೋರ್ಸ್ ಅನ್ನಲಾಗದ ಹೊಸ ಲೈಸೆನ್ಸ್‌ಗೆ ಹೋಯಿತು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್‌ನಡಿ ಅದರ ಹಳೇ ಬಿಎಸ್‌ಡಿ ಕೋಡ್‌ನಿಂದ ವಾಲ್ಕೀ ಹುಟ್ಟಿತು. 2025ರ ಮೇನಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ ಆಯ್ಕೆಯೂ ಬಂತು. ನಮ್ಮಂಥವರಿಗೆ ನಿಜವಾಗಿ ಏನೂ ತೊಂದರೆ ಇರಲಿಲ್ಲ, ಆ ಹೊಸ ಲೈಸೆನ್ಸ್ ಗುರಿಯಿಟ್ಟದ್ದು ರೆಡಿಸನ್ನೇ ಸೇವೆಯಾಗಿ ಮಾರುವವರ ಮೇಲೆ. ಆದರೆ ಫಾರಂನಲ್ಲಿ ‘ಓಎಸ್‌ಐ ಒಪ್ಪಿದ ಲೈಸೆನ್ಸ್ ಮಾತ್ರ’ ಅಂತಿತ್ತು (ಯಾವುದು ಓಪನ್ ಸೋರ್ಸ್ ಲೈಸೆನ್ಸ್ ಅಂತ ಒಪ್ಪುವ ಸಂಸ್ಥೆ ಅದು), ನಾವು ವಾಲ್ಕೀಗೆ ಹೋದೆವು, ಅರ್ಧ ಗಂಟೆ ಹಿಡಿಯಿತು. ಕ್ಲೌಡ್ ಸರ್ವರ್‌ಗಳನ್ನು ಸಿದ್ಧಮಾಡುವ ಟೆರಾಫಾರ್ಮ್‌ನಿಂದ, ಅದರಿಂದಲೇ ಕವಲೊಡೆದ ಓಪನ್‌ಟೋಫುಗೆ ಹೋದದ್ದೂ ಅಷ್ಟೇ ಸುಲಭ.

ನನ್ನನ್ನು ನಿಜಕ್ಕೂ ಬೆವರಿಸಿದ್ದು ನಮ್ಮದೇ ಒಂದು ಸಣ್ಣ ಕೋಡ್. ಬಿಲ್‌ನ ಮೊತ್ತವನ್ನು ಕನ್ನಡದಲ್ಲಿ ಅಕ್ಷರದಲ್ಲಿ ಬರೆಯುವ ಲೈಬ್ರರಿ, ‘ಒಂದು ಲಕ್ಷದ ಇಪ್ಪತ್ಮೂರು ಸಾವಿರ ರೂಪಾಯಿ ಮಾತ್ರ’ ಅನ್ನುತ್ತಾರಲ್ಲ, ಅದು. ಇಷ್ಟು ಜನರ ಕೋಡ್ ಬಳಸಿದ್ದೇವೆ, ಇದೊಂದನ್ನಾದರೂ ಎಲ್ಲರಿಗೂ ಕೊಡೋಣ ಅಂತ ಅಪಾಚೆ ಲೈಸೆನ್ಸ್ ಹಾಕಿ ಇಡಲು ಹೊರಟೆ. ಗೆಳೆಯ ಕೇಳಿದ, “ಬರೆದವರು ಯಾರು?” ಕಾಲೇಜು ಹುಡುಗ ಒಬ್ಬ, ಬೇಸಿಗೆ ರಜೆಯಲ್ಲಿ ಬರೆದುಕೊಟ್ಟಿದ್ದ. ಫೋನಲ್ಲೇ ಮಾತು, ಯುಪಿಐನಲ್ಲೇ ದುಡ್ಡು. ಕಾಗದ ಇಲ್ಲ. ಹಾಗಾದರೆ ಕಾಪಿರೈಟ್ ನನ್ನದಲ್ಲ, ಅವನದು! 1957ರ ಕಾಪಿರೈಟ್ ಕಾಯ್ದೆಯಲ್ಲಿ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕನದು, ಆದರೆ ಹೊರಗಿನವನು ಬರೆದುಕೊಟ್ಟದ್ದು ಅವನದೇ. ಹಕ್ಕು ವರ್ಗ ಆಗಬೇಕಾದರೆ ಅವನ ಸಹಿ ಇರುವ ಬರಹ ಬೇಕು. ಅದರಲ್ಲೂ ಅವಧಿ ಬರೆಯದಿದ್ದರೆ ಐದೇ ವರ್ಷ, ಯಾವ ದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ ಅಂತ ಹಿಡಿಯುತ್ತಾರೆ. ಅದರ ಮೇಲೆ ನಾನು ಜಗತ್ತಿಗೆಲ್ಲ ಕೊನೆಯಿಲ್ಲದ ಲೈಸೆನ್ಸ್ ಕೊಡುವುದು ಹೇಗೆ?

ಹುಡುಗ ಈಗ ಪುಣೆಯಲ್ಲಿದ್ದಾನೆ. ಫೋನ್ ಮಾಡಿದರೆ ನಕ್ಕ. “ಅಣ್ಣ, ಆ ಕೋಡ್ ಇನ್ನೂ ಓಡ್ತಿದೆಯಾ?” ಕಾಪಿರೈಟ್ ಅವನ ಹೆಸರಲ್ಲೇ ಇರಲಿ, ಅವನೇ ಅಪಾಚೆಯಡಿ ಹೊರಗಿಡಲಿ, ನಾವು ಎಲ್ಲರಂತೆ ಬಳಸುತ್ತೇವೆ ಅಂತ ಮಾತಾಯಿತು. ಅದೇ ರಾತ್ರಿ ಲೈಸೆನ್ಸ್ ಫೈಲ್ ಸೇರಿಸಿದ. ಜೊತೆಗೆ ನಾನು ಎರಡು ವರ್ಷದಿಂದ ಗಮನಿಸದ, ಕೋಟಿ ದಾಟಿದರೆ ತಪ್ಪು ಹೇಳುವ ಒಂದು ಬಗ್ ಕೂಡ ಸರಿಮಾಡಿದ.

ಅನ್‌ನೋನ್ ಅಂತ ಬಂದಿದ್ದ ಐದರಲ್ಲಿ ನಾಲ್ಕಕ್ಕೆ ಲೈಸೆನ್ಸ್ ಸಿಕ್ಕಿತು, ಮಾಹಿತಿ ತುಂಬುವುದನ್ನು ಮರೆತಿದ್ದರು ಅಷ್ಟೇ. ಐದನೆಯದಕ್ಕೆ ಲೈಸೆನ್ಸೇ ಇಲ್ಲ. ಬರೆದವರಿಗೆ ಎರಡು ಮೇಲ್ ಹಾಕಿದೆ, ಉತ್ತರ ಇಲ್ಲ. ತಾರೀಖು ತಿದ್ದುವ ನಲವತ್ತು ಸಾಲಿನ ಕೋಡ್ ಅದು. ನಮ್ಮ ಹುಡುಗಿಯೊಬ್ಬಳು ಅದನ್ನು ನೋಡದೆಯೇ ಹೊಸದಾಗಿ ಬರೆಯುತ್ತಿದ್ದಾಳೆ, ಶುಕ್ರವಾರಕ್ಕೆ ಮುಗಿಯಬೇಕು.