ಮನೆ ಕಟ್ಟುವ ಮುನ್ನ ಶಾಖದ ಲೆಕ್ಕ: ಯಾರಿಗೆ ಬೇಕು, ಯಾವಾಗ ಮಾಡಿಸಬೇಕು?

ಏಪ್ರಿಲ್ ತಿಂಗಳ ರಾತ್ರಿ ಒಂಬತ್ತಕ್ಕೆ ನಮ್ಮ ಮಹಡಿ ಕೋಣೆಯ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿದರೆ, ದೋಸೆ ಮುಗಿಸಿ ಪಕ್ಕಕ್ಕಿಟ್ಟ ಕಾವಲಿಯ ಹಾಗೆ ಇನ್ನೂ ಬೆಚ್ಚಗಿರುತ್ತದೆ. ಕಟ್ಟಿಸುವಾಗ ವಾಸ್ತು ನೋಡಿಸಿದ್ದೆವು, ಟೈಲ್ಸಿಗಾಗಿ ನಾಲ್ಕು ಅಂಗಡಿ ಅಲೆದಿದ್ದೆವು. ಈ ಗೋಡೆ, ಈ ಕಿಟಕಿ ಎಷ್ಟು ಶಾಖವನ್ನು ಒಳಗೆ ಬಿಡುತ್ತವೆ ಎಂದು ಎಂಜಿನಿಯರ್ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಲೆಕ್ಕವೊಂದಿದೆ. ದೊಡ್ಡ ಕಟ್ಟಡಗಳಿಗೆ ಅದು ಕಾನೂನಿನ ವ್ಯಾಪ್ತಿಗೆ ಬಂದಿದೆ. 30×40 ಸೈಟಿನವರಿಗೆ ಕಡ್ಡಾಯವಲ್ಲ, ಆದರೆ ಒಂದು ಸಂಜೆ ಕೂತರೆ ಮುಗಿಯುವ ಕೆಲಸ.

ಮೊದಲು: ನಿಮ್ಮ ಕಟ್ಟಡ ಯಾವ ಗೆರೆಯ ಆಚೆಗಿದೆ?

ವಾಸದ ಮನೆಗಳಿಗೆಂದೇ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ರೂಪಿಸಿದ ಸಂಹಿತೆಯ ಹೆಸರು ಇಕೋ ನಿವಾಸ್ ಸಂಹಿತಾ. ಗೋಡೆ, ಕಿಟಕಿ, ಸೂರಿಗೆ ಸಂಬಂಧಿಸಿದ ಮೊದಲ ಭಾಗ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಅದು ಹಾಕಿದ ಗೆರೆ ನಿವೇಶನದ ವಿಸ್ತೀರ್ಣದ್ದು: 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಕಟ್ಟುವ ವಸತಿ ಕಟ್ಟಡ. ನಮ್ಮ ಅಳತೆಯಲ್ಲಿ ಇದು ಸುಮಾರು 5,382 ಚದರಡಿ. 30×40 ಸೈಟು 111 ಚದರ ಮೀಟರ್, 40×60 ಎಂದರೆ 223, 50×80 ಆದರೂ 372 ದಾಟುವುದಿಲ್ಲ. 60×90 ಮಾತ್ರ 5,400 ಚದರಡಿಯಾಗಿ ಕೂದಲೆಳೆಯಲ್ಲಿ ಗೆರೆಯ ಆಚೆ ಬೀಳುತ್ತದೆ. ಹಾಸ್ಟೆಲ್, ಲಾಡ್ಜ್, ಹೋಟೆಲುಗಳು ಈ ಸಂಹಿತೆಗೆ ಸೇರುವುದಿಲ್ಲ.

ಎರಡನೆಯ ಗೆರೆ ವಿದ್ಯುತ್ತಿನದು. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಜನವರಿ 1ರಿಂದ ಜಾರಿಯಲ್ಲಿದೆ. 100 ಕಿಲೋವ್ಯಾಟ್ ಸಂಪರ್ಕಿತ ಹೊರೆ (ಕಟ್ಟಡದ ಎಲ್ಲ ವಿದ್ಯುತ್ ಉಪಕರಣಗಳ ಒಟ್ಟು) ಅಥವಾ 120 ಕೆವಿಎ ಒಪ್ಪಂದದ ಬೇಡಿಕೆ (ವಿದ್ಯುತ್ ಕಂಪನಿ ಜೊತೆ ಒಪ್ಪಿಕೊಂಡ ಗರಿಷ್ಠ ಬಳಕೆ) ಮುಟ್ಟುವ ವಸತಿ ಕಟ್ಟಡಗಳನ್ನೂ ಅದು ಕಾಯ್ದೆಯೊಳಗೆ ತಂದಿತು. ರಾಜ್ಯಗಳು ಬೇಕಾದರೆ ಈ ಮಿತಿಯನ್ನು ಇನ್ನೂ ಇಳಿಸಬಹುದು. ಒಂಟಿ ಮನೆಗೆ 100 ಕಿಲೋವ್ಯಾಟ್ ದೂರದ ಮಾತು. ಆದರೆ ಫ್ಲ್ಯಾಟಿಗೆ 5 ಕಿಲೋವ್ಯಾಟಿನಂತೆ ಇಪ್ಪತ್ತು ಫ್ಲ್ಯಾಟ್ ಕಟ್ಟಿಸಿದರೆ ಲಿಫ್ಟು, ಪಂಪು ಸೇರಿಸುವ ಮೊದಲೇ ಆ ಸಂಖ್ಯೆ ಬಂದುಬಿಡುತ್ತದೆ. ಅಣ್ಣ ತಮ್ಮಂದಿರು ಸೇರಿ ಹಳೇ ಮನೆ ಕೆಡವಿ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿಗೆ ಕೊಡುವಾಗ ಈ ವಿಷಯ ಕರಾರಿನಲ್ಲಿ ಇರಲಿ.

ಮೂರನೆಯದು ಪರಿಸರ ಅನುಮತಿ. 2006ರ ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜಿನ, ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಕಟ್ಟಡ ವಿಸ್ತೀರ್ಣದಿಂದ ಮೇಲಿನ ಯೋಜನೆಗಳು ಅನುಮತಿ ಪಡೆಯಬೇಕು, ಅರ್ಜಿಯಲ್ಲಿ ಇಂಧನ ಉಳಿತಾಯದ ವಿವರ ಕೊಡಬೇಕು. ಇದು ಬಿಲ್ಡರ್‌ನ ತಲೆನೋವು. ನೀವು ಫ್ಲ್ಯಾಟ್ ಕೊಳ್ಳುವವರಾದರೆ ಆ ಅನುಮತಿ ಪತ್ರ ತರಿಸಿಕೊಂಡು, ಇಂಧನದ ಷರತ್ತುಗಳಿರುವ ಪುಟವನ್ನಾದರೂ ಓದಿ. ಬ್ರೋಷರಿನಲ್ಲಿ ಇಲ್ಲದ ಎಷ್ಟೋ ಸಂಗತಿ ಅಲ್ಲಿರುತ್ತದೆ.

ಸಂಹಿತೆ ಕೇಂದ್ರದ್ದಾದರೂ ನಕ್ಷೆ ಮಂಜೂರು ಮಾಡುವುದು ನಿಮ್ಮ ಊರಿನ ಪಾಲಿಕೆಯೋ ಪ್ರಾಧಿಕಾರವೋ. ರಾಜ್ಯ ಅಧಿಸೂಚಿಸಿ, ಸ್ಥಳೀಯ ಕಟ್ಟಡ ಉಪವಿಧಿಗಳಿಗೆ ಸೇರಿಸಿದ ಮೇಲಷ್ಟೇ ಅದಕ್ಕೆ ಹಲ್ಲು ಬರುವುದು. ಮೇಲಾಗಿ ಸಂಹಿತೆಗೆ 2021ರಲ್ಲಿ ಎರಡನೇ ಭಾಗವೂ 2024ರಲ್ಲಿ ಹೊಸ ಆವೃತ್ತಿಯೂ ಬಂದಿವೆ. ಹಾಗಾಗಿ ನಗರ ಯೋಜನಾ ವಿಭಾಗದ ಕೌಂಟರಿನಲ್ಲಿ "ಇಂಧನ ಸಂಹಿತೆ ಬೇಕಾ ಸಾರ್?" ಎಂದಷ್ಟೇ ಕೇಳಿದರೆ "ಬೇಡ ಹೋಗಿ" ಅಂದುಬಿಡಬಹುದು. "ನನ್ನ ಸೈಟು ಇಷ್ಟು, ವಿದ್ಯುತ್ ಹೊರೆ ಇಷ್ಟು, ಯಾವ ಆವೃತ್ತಿ ಅನ್ವಯಿಸುತ್ತದೆ?" ಎಂದು ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಬೆಂಗಳೂರಿನಲ್ಲಿ ನಿಗದಿತ ವಿಸ್ತೀರ್ಣ ಮೀರಿದ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಕೇಳುತ್ತಾರಲ್ಲ, ಅದು ಬೇರೆ ನಿಯಮ. ಅದನ್ನು ಹಾಕಿಸಿದರೆ ಇದು ತೀರಿತು ಎಂದುಕೊಳ್ಳಬೇಡಿ.

ಇನ್ನು, ಯಾರೂ ಕೇಳದಿದ್ದರೂ ತಾವಾಗಿ ಮಾಡಿಸುವವರಿಗೆ ಸ್ವಗೃಹ (2,500 ಚದರ ಮೀಟರಿಗಿಂತ ಚಿಕ್ಕ ಕಟ್ಟಡಗಳಿಗೆ, ಹಸಿರು ಕಟ್ಟಡಗಳನ್ನು ಅಳೆಯುವ 'ಗೃಹ' (GRIHA) ಸಂಸ್ಥೆಯ ರೇಟಿಂಗ್), ಭಾರತೀಯ ಹಸಿರು ಕಟ್ಟಡ ಮಂಡಳಿಯ (ಐಜಿಬಿಸಿ) ಗ್ರೀನ್ ಹೋಮ್ಸ್, ಫ್ರಿಜ್ಜಿಗೆ ಇರುವಂತೆಯೇ ಮನೆಗೂ ನಕ್ಷತ್ರ ಕೊಡುವ ಬಿಇಇ ಲೇಬಲ್ ಇವೆ.

ಯಾವ ಹಂತದಲ್ಲಿ?

ಆರ್ಕಿಟೆಕ್ಟ್ ಎರಡನೇ ನಕ್ಷೆ ತಂದ ದಿನ. ಮೊದಲನೆಯದರಲ್ಲಿ ಪೂಜಾ ಕೋಣೆ ಎಲ್ಲಿ, ಮೆಟ್ಟಿಲು ಎಲ್ಲಿ ಎಂಬ ಜಗಳವೇ ಮುಗಿದಿರುವುದಿಲ್ಲ. ಮೂರನೆಯದಾದರೆ ಕಿಟಕಿಗಳು ಮನಸ್ಸಿನಲ್ಲಿ ಕೂತುಬಿಟ್ಟಿರುತ್ತವೆ. ಲಿಂಟಲ್ ಕಾಂಕ್ರೀಟ್ ಬಿದ್ದ ಮೇಲೆ ಲೆಕ್ಕ ಹಾಕಿದರೆ ಗಾಜು ಬದಲಿಸುವುದು ಬಿಟ್ಟು ಬೇರೆ ದಾರಿ ಕಡಿಮೆ.

ಕೈಯಲ್ಲಿ ಇರಬೇಕಾದದ್ದು: ಉತ್ತರ ದಿಕ್ಕು ಗುರುತಿಸಿದ ನಕ್ಷೆ, ಗೋಡೆ ಯಾವ ಬ್ಲಾಕಿನದು ಎಷ್ಟು ದಪ್ಪ, ಮೋಲ್ಡಿನ ಮೇಲೆ ಏನೇನು ಪದರ, ಕಿಟಕಿಗಳ ಪಟ್ಟಿ, ಮತ್ತು ಗಾಜಿನ ಮಾಹಿತಿ ಹಾಳೆ. ಈ ಹಾಳೆಯನ್ನು ಕಿಟಕಿ ಅಂಗಡಿಯವರು ಕೇಳದೆ ಕೊಡುವುದಿಲ್ಲ. ಎಸ್‌ಎಚ್‌ಜಿಸಿ ಎಷ್ಟು ಅಂತ ಕೇಳಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎನ್ನುವ ಸಂಖ್ಯೆ ಅದು. ಸಾದಾ ಗಾಜಿಗೆ ಸುಮಾರು 0.8.

ಹಂತ 1: ತೆರೆಯುವ ಕಿಟಕಿ ಸಾಕಷ್ಟಿದೆಯೇ?

2018ರ ಸಂಹಿತೆಯಂತೆ ಬೆಂಗಳೂರಿನ ಸಮಶೀತೋಷ್ಣ ಹವೆಗೆ ಕಾರ್ಪೆಟ್ ಏರಿಯಾದ 12.5 ಶೇಕಡಾ, ಅಂದರೆ ಎಂಟನೇ ಒಂದು ಪಾಲು, ತೆರೆಯುವ ಜಾಗ ಬೇಕು. ಮಂಗಳೂರಿನ ಸೆಕೆಗೆ 16.66, ಆರನೇ ಒಂದು ಪಾಲು.

ಇಲ್ಲಿ ಎಡವುವುದು ಸ್ಲೈಡಿಂಗ್ ಕಿಟಕಿಯಲ್ಲಿ. ಎರಡು ಬಾಗಿಲಿನ ಸ್ಲೈಡಿಂಗ್ ಎಷ್ಟು ಎಳೆದರೂ ಅರ್ಧವೇ ತೆರೆಯುವುದು, ಸಂಹಿತೆಯೂ ಅರ್ಧವನ್ನೇ ಎಣಿಸುತ್ತದೆ. ಹಳೇ ಕಾಲದ ರೆಕ್ಕೆ ಬಾಗಿಲಿನ ಕಿಟಕಿಗೆ 90 ಶೇಕಡಾ ಸಿಗುತ್ತದೆ. ಕಾರ್ಪೆಟ್ ಏರಿಯಾ 1,000 ಚದರಡಿ ಇರುವ ಮನೆಗೆ 125 ಚದರಡಿ ಬೇಕು ಅನ್ನಿ. 4×5 ಅಡಿಯ ಎಂಟು ಸ್ಲೈಡಿಂಗ್ ಕಿಟಕಿಗಳಿಂದ 80 ಬಂತು. ಹಿತ್ತಿಲು, ಬಾಲ್ಕನಿಯ 3×7ರ ಎರಡು ಬಾಗಿಲುಗಳಿಂದ 38. ಒಟ್ಟು 118, ಏಳು ಚದರಡಿ ಕೊರತೆ. ಅವೇ ಎಂಟು ಕಿಟಕಿಗಳನ್ನು ರೆಕ್ಕೆಯವಾಗಿ ಮಾಡಿಸಿದರೆ 144 ಮತ್ತು 38 ಸೇರಿ 182. ಗೋಡೆಯಲ್ಲಿ ಒಂದಿಂಚೂ ಹೆಚ್ಚು ಒಡೆಯಬೇಕಿಲ್ಲ.

ಹಂತ 2: ತಾರಸಿ

ಇದೇ 2018ರ ಸಂಹಿತೆಯಂತೆ ಸೂರಿನ ಯು-ವ್ಯಾಲ್ಯೂ 1.2 ದಾಟಬಾರದು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎನ್ನುವುದೇ ಯು-ವ್ಯಾಲ್ಯೂ. ಕಡಿಮೆಯಿದ್ದಷ್ಟು ಒಳ್ಳೆಯದು. ನಾವೆಲ್ಲ ಹಾಕಿಸುವ ಆರು ಇಂಚಿನ ಬರೀ ಆರ್‌ಸಿಸಿ ಮೋಲ್ಡಿಗೆ ಇದು 3.3ರ ಆಸುಪಾಸು, ಮಿತಿಯ ಹೆಚ್ಚುಕಮ್ಮಿ ಮೂರು ಪಟ್ಟು. ಮೋಲ್ಡ್ ಮೇಲೆ 25 ಮಿಲಿಮೀಟರ್ ದಪ್ಪದ ಒಳ್ಳೆಯ ಪಾಲಿಸ್ಟೈರೀನ್ ಹಲಗೆ ಹಾಸಿ ಅದರ ಮೇಲೆ ಗಾರೆ, ಟೈಲ್ಸ್ ಹಾಕಿದರೆ 1ರ ಹತ್ತಿರಕ್ಕೆ ಇಳಿಯುತ್ತದೆ. ಕಾಂಕ್ರೀಟನ್ನೇ ದಪ್ಪ ಮಾಡಿ ಈ ಫಲ ಪಡೆಯಲು ಹೊರಟರೆ ಮನೆಯಲ್ಲ, ಅಣೆಕಟ್ಟು ಆಗುತ್ತದೆ.

ತಾರಸಿಗೆ ಬಿಳಿ ಬಣ್ಣ ಬಳಿಯುವುದೋ ಚೈನಾ ಮೊಸಾಯಿಕ್ ಹಾಕುವುದೋ ಖಂಡಿತ ತಂಪು ಕೊಡುತ್ತದೆ. ಆದರೆ ಯು-ವ್ಯಾಲ್ಯೂ ಬಣ್ಣವನ್ನು ನೋಡುವುದಿಲ್ಲ. ಕಡಿಮೆ ಖರ್ಚಿನ ಈ ಉಪಾಯಕ್ಕೆ ಆ ಲೆಕ್ಕದಲ್ಲಿ ಅಂಕ ಸಿಗದಿರುವುದು ನನಗೆ ಸರಿ ಕಂಡಿಲ್ಲ. ಲೆಕ್ಕಕ್ಕಾಗಿ ಹಲಗೆ ಹಾಸಿ, ಮನೆಗಾಗಿ ಬಿಳಿ ಬಳಿಯಿರಿ.

ಹಂತ 3: ಗೋಡೆ ಮತ್ತು ಗಾಜು

ಲೆಕ್ಕದ ಜೀವ ಇಲ್ಲಿದೆ. ಹೊರಗೋಡೆ, ಕಿಟಕಿಗಳಿಂದ ಒಳಬರುವ ಶಾಖದ ಒಟ್ಟು ಪ್ರಮಾಣಕ್ಕೆ ಆರ್‌ಇಟಿವಿ ಎಂದು ಹೆಸರು. ಇದು ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಪ್ರತಿ ಗೋಡೆಗೂ ದಿಕ್ಕಿನ ಗುಣಕವಿದೆ: ನಮ್ಮ ಅಕ್ಷಾಂಶದಲ್ಲಿ ಪಶ್ಚಿಮಕ್ಕೆ 1.156, ಪೂರ್ವಕ್ಕೆ 1.155, ದಕ್ಷಿಣಕ್ಕೆ 0.966, ಉತ್ತರಕ್ಕೆ 0.659. ಬೆಂಗಳೂರಿನ ಹವೆಗೆ ಗೋಡೆಯ ಶಾಖವನ್ನು 3.38ರಿಂದ, ಗಾಜಿನ ಮೂಲಕ ಹರಿಯುವ ಶಾಖವನ್ನು 0.37ರಿಂದ, ಗಾಜಿನಿಂದ ನೇರ ಬರುವ ಬಿಸಿಲನ್ನು 63.69ರಿಂದ ಗುಣಿಸುತ್ತಾರೆ. ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ.

ನಮ್ಮ ಮಹಡಿ ಕೋಣೆಯ ಗೋಡೆಯನ್ನೇ ಹಿಡಿಯೋಣ. ಪಶ್ಚಿಮಕ್ಕಿದೆ, 4 ಮೀಟರ್ ಅಗಲ, 3 ಮೀಟರ್ ಎತ್ತರ, ಒಟ್ಟು 12 ಚದರ ಮೀಟರ್. ಅದರಲ್ಲಿ ಕಿಟಕಿ 1.8, ಉಳಿದ 10.2 ಎಂಟು ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕು, ಯು-ವ್ಯಾಲ್ಯೂ ಸುಮಾರು 2.8.

ಗೋಡೆ: 3.38 × 10.2 × 2.8 × 1.156 = 112.
ಗಾಜಿನ ಮೂಲಕ ಹರಿಯುವ ಶಾಖ (ಗಾಜಿನ ಯು-ವ್ಯಾಲ್ಯೂ 5.8): 0.37 × 1.8 × 5.8 × 1.156 = 4.
ಗಾಜಿನ ಬಿಸಿಲು: 63.69 × 1.8 × 0.8 × 1.156 = 106.

ಒಟ್ಟು 222, ಅದನ್ನು 12ರಿಂದ ಭಾಗಿಸಿದರೆ 18.5. ಫೇಲು.

ಒಂದು ಮಾಮೂಲಿ ಕಿಟಕಿ, ತನಗಿಂತ ಐದಾರು ಪಟ್ಟು ದೊಡ್ಡ ಇಡೀ ಗೋಡೆಯಷ್ಟೇ ಶಾಖ ತರುತ್ತಿದೆ! ಈಗ ಒಂದೊಂದೇ ಬದಲಿಸಿ ನೋಡಿ. ಸಾಲಿಡ್ ಬ್ಲಾಕು ಬಿಟ್ಟು ಅದೇ ದಪ್ಪದ ಎಎಸಿ (ಒಳಗೆಲ್ಲ ಗಾಳಿಗುಳ್ಳೆಯಿರುವ ಹಗುರ ಕಾಂಕ್ರೀಟ್ ಬ್ಲಾಕು) ಹಾಕಿದರೆ ಗೋಡೆಯ ಯು-ವ್ಯಾಲ್ಯೂ 0.77ಕ್ಕೆ ಇಳಿದು ಉತ್ತರ 11.8, ಪಾಸು. ಗೋಡೆ ಹಾಗೇ ಇರಲಿ, 0.4 ಎಸ್‌ಎಚ್‌ಜಿಸಿಯ ಗಾಜು ಹಾಕಿದರೆ 14.1, ಇದೂ ಪಾಸು. ಆದರೆ ತೀರಾ ಕಪ್ಪು ಗಾಜು ಹಾಕಿ ಹಗಲಲ್ಲೂ ಟ್ಯೂಬ್‌ಲೈಟ್ ಉರಿಸುವ ಹಾಗಿಲ್ಲ. ಹೊರಗೋಡೆಯಲ್ಲಿ ಗಾಜಿನ ಪಾಲು 30 ಶೇಕಡಾದೊಳಗಿದ್ದರೆ ಗಾಜು ಕನಿಷ್ಠ 27 ಶೇಕಡಾ ಬೆಳಕು ಬಿಡಲೇಬೇಕು ಎನ್ನುತ್ತದೆ ಸಂಹಿತೆ. ಕಿಟಕಿಯ ಮೇಲಿನ ಸಜ್ಜಾ ಮುಂದೆ ಚಾಚಿ ಬಿಸಿಲನ್ನು ಕಾಲುಭಾಗ ತಡೆದರೆ 16.3: ಸುಧಾರಿಸಿತು, ಸಾಲಲಿಲ್ಲ. ಅದೇ ಕಿಟಕಿಯನ್ನು ಉತ್ತರದ ಗೋಡೆಗೆ ಒಯ್ದರೆ ಬಿಸಿಲಿನ 106 ಎನ್ನುವುದು 60ಕ್ಕೆ ಇಳಿಯುತ್ತದೆ. ನಕ್ಷೆಯ ಮೇಲೆ ರಬ್ಬರಿನಿಂದ ಅಳಿಸಿ ಬರೆಯುವ ಖರ್ಚಷ್ಟೇ.

ಸಂಹಿತೆ ಕೇಳುವುದು ಇಡೀ ಮನೆಯ ಸರಾಸರಿ, ಒಂದು ಗೋಡೆಯದ್ದಲ್ಲ. ನಾಲ್ಕೂ ಕಡೆ ಹೀಗೆ ಕೂಡಿ ಒಟ್ಟು ಹೊರಮೈಯಿಂದ ಭಾಗಿಸಬೇಕು. ಉತ್ತರದ ಗೋಡೆ ಪಡುವಣದ ತಪ್ಪನ್ನು ಮುಚ್ಚಿ ಪಾಸು ಮಾಡಿಸಿಬಿಡಬಹುದು, ಆದರೆ ಮಲಗುವವರಿಗೆ ಸರಾಸರಿ ಕೋಣೆ ಎಂಬುದಿಲ್ಲ. ಅದಕ್ಕೇ ನಾನು ಕೋಣೆವಾರು ಹಾಕಿ ನೋಡಿ ಅನ್ನುವುದು.

ಯಾರಿಂದ ಮಾಡಿಸುವುದು?

ಚಿಕ್ಕ ಮನೆಗೆ ಆರ್ಕಿಟೆಕ್ಟೇ ಸಾಕು. ಬಿಇಇಯ ಇಕೋ ನಿವಾಸ್ ಪೋರ್ಟಲ್‌ನಲ್ಲಿ ಮಾಹಿತಿ, ಸಲಕರಣೆಗಳಿವೆ, ಎಂಜಿನಿಯರಿಂಗ್ ಓದುವ ಮಗಳಿದ್ದರೆ ಎಕ್ಸೆಲ್‌ನಲ್ಲಿ ಅವಳೇ ಹಾಕಿಯಾಳು. ಗೆರೆ ದಾಟಿದ ಯೋಜನೆಯಾದರೆ ಸಂಹಿತೆ ಬಲ್ಲ ಸಲಹೆಗಾರರಿಂದ ಸಹಿ ಮಾಡಿದ ವರದಿ ಮಾಡಿಸಿ, ನಕ್ಷೆಯ ಫೈಲಿನ ಜೊತೆಯಲ್ಲೇ ಇಡಿ. ಕಟ್ಟುವಾಗ ಬ್ಲಾಕು ಅಥವಾ ಗಾಜು ಬದಲಾದರೆ ವರದಿಯೂ ಬದಲಾಗಬೇಕು. ಎಎಸಿ ಸಿಗಲಿಲ್ಲವೆಂದು ಮೇಸ್ತ್ರಿ ಒಂದು ಲಾರಿ ಸಾಲಿಡ್ ಬ್ಲಾಕ್ ಇಳಿಸಿದ ದಿನವೇ ಹಳೆಯ ಲೆಕ್ಕ ಸುಳ್ಳಾಗುತ್ತದೆ.

ಕಟ್ಟಿ ಆಗಿಹೋದವರಿಗೆ

ಮಹಡಿ ಎಬ್ಬಿಸುವಾಗ ಅಥವಾ ಕಿಟಕಿ ಬದಲಿಸುವಾಗ ಇದೇ ಲೆಕ್ಕವನ್ನು ಆ ಭಾಗಕ್ಕಷ್ಟೇ ಹಾಕಿ. ನಾವು ಮೊದಲು ದಪ್ಪ ಪರದೆ ಹಾಕಿಸಿದೆವು, ಹಣ ದಂಡ. ಗಾಜು ದಾಟಿ ಬಂದ ಬಿಸಿಲು ಪರದೆಗೆ ಬಡಿದು ಕೋಣೆಯಲ್ಲೇ ಉಳಿಯಿತು. ಹೋದ ಮಾರ್ಚಿನಲ್ಲಿ ಕಿಟಕಿಯ ಹೊರಗೆ, ಗಾಜಿನಿಂದ ಗೇಣುದ್ದ ದೂರಕ್ಕೆ, ಬಿದಿರಿನ ತಟ್ಟಿ ಇಳಿಬಿಟ್ಟೆವು. ಮಧ್ಯಾಹ್ನ ಎರಡಕ್ಕೆ ಇಳಿಸಿ, ಸಂಜೆ ಆರೂವರೆಗೆ ಸುತ್ತಿ ಮೇಲಕ್ಕೆ ಕಟ್ಟುತ್ತೇವೆ. ಗೋಡೆ ಈಗಲೂ ಬಿಸಿಯೇ. ಕಿಟಕಿಯ ಪಾಲು ಮಾತ್ರ ಹೊರಗೇ ನಿಂತಿದೆ.